ಎರಡನೆಯ ರೂಟರಿನ ದಾಯವಿಭಾಗ: ಒಂದು ಮಿತಾಕ್ಷರ ಮೀಮಾಂಸೆ

1. ವಿಷಯ ನಿರ್ದೇಶ

ಬೆಂಗಳೂರಿನ ಬಾಡಿಗೆ ಮನೆಯಲ್ಲಿ ನಾಲ್ವರು ಬ್ಯಾಚಲರ್‌ಗಳು ಕೂಡಿ ಬಾಳುವಾಗ ಹುಟ್ಟುವ ವ್ಯಾಜ್ಯಗಳು ಮೂರು ಬಗೆ: ಪಾತ್ರೆ ತೊಳೆಯುವ ವ್ಯಾಜ್ಯ, ಗೀಸರ್ ಆರಿಸುವ ವ್ಯಾಜ್ಯ, ಹಾಡು ಹಾಕುವ ವ್ಯಾಜ್ಯ. ಮೊದಲೆರಡಕ್ಕೆ ಪರಿಹಾರವಿಲ್ಲವೆಂದು ಲೋಕವೇ ಒಪ್ಪಿದೆ. ಮೂರನೆಯದಕ್ಕೆ ಪರಿಹಾರವಿದೆಯೆಂದೂ ಅದು ಎಸ್‌.ಪಿ. ರಸ್ತೆಯ ಅಂಗಡಿಗಳಲ್ಲಿ ಚೌಕಾಸಿಗೆ ಸಿಗುತ್ತದೆಂದೂ ಒಂದು ನಂಬಿಕೆ. ಎರಡನೆಯ ರೂಟರ್ ಎಂಬುದೇ ಆ ಪರಿಹಾರ.

ಇದುವರೆಗೆ ಈ ವಸ್ತುವನ್ನು ಎಂಜಿನಿಯರುಗಳು ಮಾತ್ರ ಚರ್ಚಿಸಿದ್ದಾರೆ. ಚರ್ಚೆ ದಾರಿ ತಪ್ಪಿದ್ದು ಅದರಿಂದಲೇ. ಎರಡನೆಯ ರೂಟರ್ ತಂತ್ರಜ್ಞಾನದ ವಿಷಯವಲ್ಲ, ಆಸ್ತಿ ಪಾಲಿನ ವಿಷಯ ಎಂಬುದು ನಮ್ಮ ಪ್ರತಿಜ್ಞೆ. ಪಾಲಿನ ಮಾತು ಬಂದ ಮೇಲೆ ಕನ್ನಡ ನಾಡಿನವರು ಪ್ರಮಾಣಗ್ರಂಥಕ್ಕಾಗಿ ಊರೂರು ಅಲೆಯಬೇಕಿಲ್ಲ. 1076ರಿಂದ 1126ರವರೆಗೆ ಆಳಿದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ರಾಜಧಾನಿ ಕಲ್ಯಾಣದಲ್ಲಿ, ಅಂದರೆ ಈಗಿನ ಬಸವಕಲ್ಯಾಣದಲ್ಲಿ, ವಿಜ್ಞಾನೇಶ್ವರ ಬರೆದ ಮಿತಾಕ್ಷರ ನಮ್ಮದೇ. ಯಾಜ್ಞವಲ್ಕ್ಯ ಸ್ಮೃತಿಯ ಮೇಲಣ ಈ ವ್ಯಾಖ್ಯಾನ ಬಂಗಾಳದ ಕಡೆಯವರನ್ನು ಬಿಟ್ಟು ದೇಶದ ಬಹುಪಾಲು ಹಿಂದೂ ಕುಟುಂಬಗಳಿಗೆ ಶತಮಾನಗಟ್ಟಲೆ ಆಸ್ತಿ ಹಂಚಿಕೊಟ್ಟಿದೆ. ಅದರಲ್ಲಿ ವೈಫೈ ಪ್ರಸ್ತಾಪವಿಲ್ಲ ಎನ್ನುವವರಿಗೆ ನಮ್ಮ ಉತ್ತರ ಇಷ್ಟೆ: ಅದರಲ್ಲಿ ಸೈಟಿನ ಪ್ರಸ್ತಾಪವೂ ಇಲ್ಲ. ಆದರೂ ಅಣ್ಣತಮ್ಮಂದಿರು ಅದರ ಪ್ರಕಾರವೇ ಸೈಟಿಗಾಗಿ ಹೊಡೆದಾಡಿದ್ದಾರೆ.

2. ಕ್ಷೇತ್ರ ಮತ್ತು ದಾಯಾದಿಗಳು

ಅಧ್ಯಯನದ ಕ್ಷೇತ್ರ ಬಿಟಿಎಂ ಲೇಔಟಿನ ಒಂದು ಮನೆಯ ಎರಡನೆಯ ಮಹಡಿ. ಕರಾರು 11 ತಿಂಗಳದ್ದು. ಗೋಡೆಗೆ ಮೊಳೆ ಹೊಡೆಯಕೂಡದೆಂಬುದು ಕರಾರಿನಲ್ಲಿ ಓನರ್ ಆಂಟಿ ತಾವೇ ನಿಂತು ಬರೆಸಿದ ಏಕೈಕ ಸಾಲು. ಹಾಲಿನ ಟಿವಿ ಸ್ಟ್ಯಾಂಡಿನ ಮೇಲೆ ಮೊದಲ ರೂಟರ್ ಪ್ರತಿಷ್ಠಾಪಿತವಾಗಿದೆ. ಅದರ ಬಿಲ್ಲನ್ನು ನಾಲ್ವರೂ ಹಂಚಿಕೊಳ್ಳುತ್ತಾರೆ.

ದಾಯಾದಿಗಳು ಹೀಗೆ: ಧಾರವಾಡದವನು, ಖಯಾಲ್ ಸಂಪ್ರದಾಯ. ಮಂಡ್ಯದವನು, ಸಿನಿಮಾ ಹಾಡಿನ ಸಂಪ್ರದಾಯ. ಮಂಗಳೂರಿನವನು, ಯಕ್ಷಗಾನ ಸಂಪ್ರದಾಯ, ಅದರಲ್ಲೂ ಚೆಂಡೆ ಪ್ರಧಾನ. ತುಮಕೂರಿನವನಿಗೆ ಸಂಗೀತದಲ್ಲಿ ಆಸಕ್ತಿಯಿಲ್ಲ. ಆದರೆ ರೂಟರಿನ ಅಡ್ಮಿನ್ ಪಾಸ್‌ವರ್ಡ್ ಗೊತ್ತಿರುವುದು ಅವನೊಬ್ಬನಿಗೇ. ಅವಿಭಕ್ತ ಕುಟುಂಬದಲ್ಲಿ ಅಂಥವನನ್ನು ಕರ್ತ ಎನ್ನುತ್ತಾರೆ.

ವಿವಾದದ ವಸ್ತು ಒಂದು ವೈಫೈ ಸ್ಪೀಕರ್. ಧಾರವಾಡದವನು ಸ್ವಂತ ಸಂಬಳದಲ್ಲಿ ಕೊಂಡದ್ದು. ಒಂದು ಭಾನುವಾರ ಅದರಲ್ಲಿ ಯಮನ್ ರಾಗದ ವಿಲಂಬಿತ್ ಇನ್ನೇನು ಕಾವೇರುವ ಹೊತ್ತಿಗೆ ಸ್ಪೀಕರ್ ತಾನಾಗಿ ಒಂದು ಐಟಂ ಸಾಂಗಿಗೆ ಹೊರಳಿತು.

"ಯಾಂವಲೇ ಅಂವ, ಹಾಡು ಬದಲ ಮಾಡಿದಾಂವ?"

"ನಾನೇನ್ ಮಾಡ್ದೆ ಗುರೂ? ಫೋನಲ್ಲಿ ಕಾಣ್ತು, ಒತ್ತಿದೆ ಅಷ್ಟೆ."

"ಎಂತ ಮಾರಾಯ, ಎರಡನ್ನೂ ಬಂದ್ ಮಾಡಿ ನಿದ್ದೆ ಮಾಡ್ಲಿಕ್ಕೆ ಬಿಡಿ."

ಇಡೀ ಶಾಸ್ತ್ರ ಎರಡನೆಯ ವಾಕ್ಯದಲ್ಲಿ ಅಡಗಿದೆ. ಕಂಡಿತು, ಆದ್ದರಿಂದ ಒತ್ತಿದೆ.

3. ಪೂರ್ವಪಕ್ಷ ಮತ್ತು ಅದರ ಖಂಡನೆ

ವೇಗವಾದಿಗಳ ಮತ ಹೀಗಿದೆ: ಹಾಡು ತಡವರಿಸುವುದು ಸ್ಪೀಡ್ ಸಾಲದ್ದರಿಂದ, ಎರಡನೆಯ ರೂಟರ್ ಹಾಕಿದರೆ ಸ್ಪೀಡ್ ಎರಡರಷ್ಟಾಗುತ್ತದೆ. ಈ ಮತಕ್ಕೆ ಅನುಯಾಯಿಗಳು ಬಹಳ, ಗಣಿತ ಕಡಿಮೆ. ಆನ್‌ಲೈನ್ ಹಾಡು ಉತ್ತಮ ಗುಣಮಟ್ಟದಲ್ಲಿ ಸೆಕೆಂಡಿಗೆ 320 ಕಿಲೋಬಿಟ್ ಕೇಳುತ್ತದೆ. ಸಿಡಿಯಲ್ಲಿರುವ ಶುದ್ಧ ಧ್ವನಿಗೂ ಸುಮಾರು 1,411 ಸಾಕು. ನಾಲ್ವರೂ ಏಕಕಾಲಕ್ಕೆ ಸಿಡಿ ಗುಣಮಟ್ಟದಲ್ಲಿ ತಂತಮ್ಮ ಸಂಪ್ರದಾಯ ಮೊಳಗಿಸಿದರೂ 6 ಮೆಗಾಬಿಟ್ ದಾಟದು. ಮನೆಗೆ ಬರುತ್ತಿರುವುದು 100. ಇದಲ್ಲದೆ ಎರಡನೆಯ ರೂಟರ್ ತನ್ನ ಇಂಟರ್ನೆಟ್ಟನ್ನು ಮೊದಲನೆಯದರಿಂದಲೇ ಪಡೆಯಬೇಕು. ಹಿತ್ತಿಲಿಗೆ ಎರಡನೆಯ ಬಾಗಿಲು ಇಟ್ಟ ಮಾತ್ರಕ್ಕೆ ಹಿತ್ತಿಲು ಹಿಗ್ಗುವುದಿಲ್ಲ.

ಬ್ಲೂಟೂತ್‌ವಾದಿಗಳದು ಇನ್ನೊಂದು ಮತ: ವೈಫೈ ಗೊಡವೆಯೇ ಬೇಡ. ಈ ಪಂಥದ ವಂಶಾವಳಿ ಉಜ್ವಲವಾದದ್ದೆಂದು ಒಪ್ಪಬೇಕು. ಅಲೆಗಳನ್ನು ಒಂದು ಕಂಪನಾಂಕದಿಂದ ಇನ್ನೊಂದಕ್ಕೆ ಹಾರಿಸುತ್ತ ಸಂದೇಶ ಕಳಿಸುವ ಉಪಾಯಕ್ಕೆ 1942ರಲ್ಲಿ ಪೇಟೆಂಟ್ ಪಡೆದವರಲ್ಲಿ ಒಬ್ಬಳು ಚಿತ್ರತಾರೆ ಹೆಡಿ ಲಮಾರ್, ಇನ್ನೊಬ್ಬ ಸಂಗೀತ ಸಂಯೋಜಕ ಜಾರ್ಜ್ ಆಂಥೈಲ್. ತಾನಾಗಿ ನುಡಿಯುವ ಪಿಯಾನೋದ ಕಾಗದದ ಸುರುಳಿಯೇ ಅವರ ಯಂತ್ರದ ಮಾದರಿ. ಪಿಯಾನೋದ ಮನೆಗಳೆಷ್ಟೋ ಅಷ್ಟೇ, ಅಂದರೆ 88 ಕಂಪನಾಂಕಗಳು. ಉದ್ದೇಶ ಮಾತ್ರ ಸಂಗೀತವಲ್ಲ, ನೀರಿನೊಳಗಿನ ಟಾರ್ಪಿಡೋ ನಡೆಸುವುದು. ಇಂದಿನ ಬ್ಲೂಟೂತ್ 79 ಚಾನೆಲ್‌ಗಳ ನಡುವೆ ಸೆಕೆಂಡಿಗೆ 1,600 ಸಲ ಹಾರುತ್ತದೆ. ಇಷ್ಟೆಲ್ಲ ಹಾರಿದರೂ ಫೋನ್ ಹಿಡಿದು ಬಚ್ಚಲಿಗೆ ಹೋದರೆ ಆಲಾಪ ಅರ್ಧಕ್ಕೆ ತುಂಡಾಗುತ್ತದೆ. ಊರಿಂದ ಅಮ್ಮನ ಕರೆ ಬಂದರೂ ಹಾಡು ನಿಲ್ಲುತ್ತದೆ. ವೈಫೈ ಸ್ಪೀಕರ್ ಹಾಗಲ್ಲ. ಫೋನ್ ಅಪ್ಪಣೆ ಕೊಟ್ಟ ಮೇಲೆ ಹಾಡನ್ನು ನೇರವಾಗಿ ಇಂಟರ್ನೆಟ್ಟಿನಿಂದ ತಾನೇ ತರಿಸಿಕೊಳ್ಳುತ್ತದೆ. ಆದ್ದರಿಂದ ಬ್ಲೂಟೂತ್ ಮತ ತ್ಯಾಜ್ಯ.

4. ಸ್ವಾರ್ಜಿತವು ಪಿತ್ರಾರ್ಜಿತದಲ್ಲಿ ಬೆರೆಯುವ ಬಗೆ

ಕುಟುಂಬದ ಸೊತ್ತನ್ನು ಸವೆಸದೆ ಒಬ್ಬ ತಾನೇ ದುಡಿದು ಗಳಿಸಿದ್ದು ಸ್ವಾರ್ಜಿತ, ಅದಕ್ಕೆ ದಾಯಾದಿಗಳ ಹಕ್ಕಿಲ್ಲ ಎಂಬುದು ಶಾಸ್ತ್ರ. ಸ್ಪೀಕರ್ ಧಾರವಾಡದವನ ಸ್ವಾರ್ಜಿತ; ವೈಫೈ ಎಲ್ಲರ ಪಿತ್ರಾರ್ಜಿತ. ಆದರೆ ಸ್ವಾರ್ಜಿತವನ್ನು ತಾನಾಗಿ ಕುಟುಂಬದ ಆಸ್ತಿಗೆ ಬೆರೆಸಿದವನು ಆಮೇಲೆ ಅದು ತನ್ನದೇ ಎನ್ನುವಂತಿಲ್ಲವೆಂದು ನ್ಯಾಯಾಲಯಗಳು ಹೇಳಿಕೊಂಡು ಬಂದಿವೆ. ಸ್ಪೀಕರನ್ನು ಹಾಲಿನ ವೈಫೈಗೆ ಜೋಡಿಸಿದ ಗಳಿಗೆಯಲ್ಲಿ ನಡೆದದ್ದು ಇದೇ.

ನಡೆಯುವ ಕ್ರಮ ಗಮನಾರ್ಹ. ಫೋನು 224.0.0.251 ಎಂಬ ವಿಳಾಸಕ್ಕೆ "ಇಲ್ಲಿ ಹಾಡಬಲ್ಲವರು ಯಾರಿದ್ದೀರಿ?" ಎಂದು ಕೂಗುತ್ತದೆ. ಆ ಕೂಗು ಅದೇ ಜಾಲದಲ್ಲಿರುವ ಎಲ್ಲರಿಗೂ ಕೇಳುತ್ತದೆ. ಸ್ಪೀಕರ್ "ನಾನಿದ್ದೇನೆ" ಎನ್ನುತ್ತದೆ. ಕೇಳಿದವನು ಯಜಮಾನನೋ ಮಂಡ್ಯದವನೋ ಎಂದು ಅದು ವಿಚಾರಿಸುವುದಿಲ್ಲ. ಒಂದೇ ಜಾಲದಲ್ಲಿ ಹುಟ್ಟಿದವರೆಲ್ಲ ಅದಕ್ಕೆ ಸಮಾನ. ಮಗನಿಗೆ ತಂದೆ ತಾತಂದಿರ ಆಸ್ತಿಯಲ್ಲಿ ಹುಟ್ಟಿನಿಂದಲೇ ಹಕ್ಕು ಎಂದು ವಿಜ್ಞಾನೇಶ್ವರ ಸಾಧಿಸಿದ್ದು ಇಲ್ಲಿ ಅಕ್ಷರಶಃ ಜಾರಿಯಲ್ಲಿದೆ.

5. ಅಪ್ರತಿಬಂಧ ದಾಯ, ಸಪ್ರತಿಬಂಧ ದಾಯ

ಮಿತಾಕ್ಷರ ದಾಯವನ್ನು ಎರಡಾಗಿ ಒಡೆಯುತ್ತದೆ: ಅಡ್ಡಿಯಿಲ್ಲದ್ದು, ಅಡ್ಡಿಯಿರುವುದು. ಎರಡನೆಯ ರೂಟರ್ ಜೋಡಿಸುವ ಮಾರ್ಗಗಳೂ ಎರಡೇ.

ಅಪ್ರತಿಬಂಧ ಮಾರ್ಗದಲ್ಲಿ ಹಾಲಿನಿಂದ ಬಂದ ಕೇಬಲನ್ನು ಎರಡನೆಯ ರೂಟರಿನ ಲ್ಯಾನ್ ಪೋರ್ಟಿಗೆ ಚುಚ್ಚಬೇಕು. ಅದರ ವಿಳಾಸವನ್ನು 192.168.1.2 ಎಂದೋ ಮತ್ತೊಂದೋ, ಮೊದಲನೆಯದಕ್ಕೆ ತಾಕದ ಹಾಗೆ ಬದಲಿಸಬೇಕು. ಅದರೊಳಗಿನ ಡಿಎಚ್‌ಸಿಪಿಯನ್ನು ಮರೆಯದೆ ಆರಿಸಬೇಕು. ಮರೆತರೆ ಬಂದವರಿಗೆಲ್ಲ ವಿಳಾಸ ಹಂಚಲು ಮನೆಗೆ ಇಬ್ಬರು ಕರ್ತರಾಗುತ್ತಾರೆ, ಆಗ ಆಗುವುದೇನೆಂದು ಕೂಡುಕುಟುಂಬ ಕಂಡವರಿಗೆ ವಿವರಿಸಬೇಕಿಲ್ಲ. ಇದರ ಫಲ: ಹಿಂದಿನ ಕೋಣೆಗೂ ಸಿಗ್ನಲ್ ಸಿಗುತ್ತದೆ, ಹಾಡು ತಡವರಿಸದು. ಹಾಗೆಯೇ ಮಂಡ್ಯದವನ ಹಕ್ಕೂ ತಡವರಿಸದು. ಜಾಲ ಒಂದೇ ಆದ್ದರಿಂದ ಸ್ಪೀಕರ್ ಎಲ್ಲರ ಫೋನಿನಲ್ಲೂ ಮೊದಲಿನಂತೆಯೇ ಮೂಡುತ್ತದೆ.

ಸಪ್ರತಿಬಂಧ ಮಾರ್ಗದಲ್ಲಿ ಅದೇ ಕೇಬಲನ್ನು ಪಕ್ಕದ ವ್ಯಾನ್ ಪೋರ್ಟಿಗೆ ಚುಚ್ಚಬೇಕು. ಒಳಗಿನ ವಿಳಾಸಗಳನ್ನು 192.168.2 ಎಂಬ ಬೇರೆ ಸರಣಿಗೆ ಒಯ್ಯಬೇಕು. ಈಗ ನಡುವೆ ನ್ಯಾಟ್ ಎಂಬ ಪ್ರತಿಬಂಧ ನಿಂತಿತು. ಹೊರಗಿನವರ ಕೂಗು ಅದನ್ನು ದಾಟಿ ಬರುವುದಿಲ್ಲ. ಧಾರವಾಡದವನ ಫೋನೂ ಸ್ಪೀಕರೂ ಒಳಗಿದ್ದು ಯಮನ್ ಪೂರ್ತಿಯಾಗುತ್ತದೆ. ಇಲ್ಲೊಂದು ಸೂಕ್ಷ್ಮವಿದೆ. ಒಳಗಿನವನು ವಿಳಾಸ ಗೊತ್ತಿದ್ದರೆ ಹಾಲಿನ ಪ್ರಿಂಟರನ್ನು ಈಗಲೂ ಬಳಸಬಲ್ಲ. ಹಾಲಿನವರು ಒಳಗಿನದನ್ನು ಮುಟ್ಟಲಾರರು. ಪಾಲು ತೆಗೆದುಕೊಂಡು ಬೇರೆ ಹೋದವನೇ ಹಬ್ಬದೂಟಕ್ಕೆ ಮೊದಲ ಪಂಕ್ತಿಯಲ್ಲಿ ಬಂದು ಕೂರುವ ಪದ್ಧತಿಗೆ ಇದಕ್ಕಿಂತ ಒಳ್ಳೆಯ ತಾಂತ್ರಿಕ ನಿರೂಪಣೆ ಸಿಗಲಾರದು.

ಮೂರನೆಯದೊಂದಿದೆ, ಗೆಸ್ಟ್ ನೆಟ್‌ವರ್ಕ್. ಅಲ್ಲಿ ಸಾಮಾನ್ಯವಾಗಿ ಇಂಟರ್ನೆಟ್ ಸಿಗುತ್ತದೆ, ಆದರೆ ಯಾರಿಗೂ ಯಾರೂ ಕಾಣುವುದಿಲ್ಲ; ಯಜಮಾನನಿಗೆ ತನ್ನ ಸ್ಪೀಕರೇ ಕಾಣದು. ಸನ್ಯಾಸ ತೆಗೆದುಕೊಂಡವನು ಆಸ್ತಿಯ ಹಕ್ಕು ಕಳೆದುಕೊಳ್ಳುತ್ತಾನೆಂದು ಶಾಸ್ತ್ರ ಮೊದಲೇ ಎಚ್ಚರಿಸಿದೆ.

6. ಕಾಲಸಾಮ್ಯ ಪ್ರಕರಣ

ಒಂದೇ ವರ್ಷ ನಡೆದ ಎರಡು ಸಂಗತಿಗಳಿಗೆ ನಂಟು ಕಟ್ಟುವುದು ಸಂಶೋಧನೆಯ ಹಳೆಯ ಚಾಳಿ; ಆ ಚಾಳಿಯನ್ನು ನಾವೂ ಭಕ್ತಿಯಿಂದ ಪಾಲಿಸುತ್ತೇವೆ. ಹುಟ್ಟಿನಿಂದ ಬರುವ ಹಕ್ಕನ್ನು ಹೆಣ್ಣುಮಕ್ಕಳಿಗೂ ಕೊಟ್ಟು ಕರ್ನಾಟಕ ತಂದ ತಿದ್ದುಪಡಿ 1994ರದು. ನ್ಯಾಟ್ ಎಂಬ ಪ್ರತಿಬಂಧವನ್ನು ವಿವರಿಸಿದ ಆರ್‌ಎಫ್‌ಸಿ 1631 ಎಂಬ ದಾಖಲೆಯೂ 1994ರದೇ. ಇಡೀ ದೇಶದ ಮಟ್ಟಿಗೆ ಅದೇ ಹಕ್ಕು ಕೊಟ್ಟ ಹಿಂದೂ ಉತ್ತರಾಧಿಕಾರ ತಿದ್ದುಪಡಿ 2005ರದು. ಲೈಸೆನ್ಸಿಲ್ಲದೆ ಯಾರು ಬೇಕಾದರೂ ಬಳಸಬಹುದೆಂದು 2.4 ಗಿಗಾಹರ್ಟ್ಸ್ ಅಲೆಗಳನ್ನು ಭಾರತ ಸರ್ಕಾರ ಬಿಟ್ಟುಕೊಟ್ಟದ್ದೂ 2005ರಲ್ಲೇ. ಒಂದು ಸಲವಾದರೆ ಕಾಕತಾಳೀಯ. ಎರಡು ಸಲವಾದರೆ ಅದು ಪಿಎಚ್‌.ಡಿ.

7. ಬಾವಿ ನ್ಯಾಯ

ಕೆಲವು ವಸ್ತುಗಳನ್ನು ಪಾಲು ಮಾಡಲಾಗದು ಎಂದು ಸ್ಮೃತಿಗಳು ಒಪ್ಪುತ್ತವೆ: ಉಡುವ ಬಟ್ಟೆ, ಬೇಯಿಸಿದ ಅನ್ನ, ನೀರು. ಬಾವಿಯನ್ನು ಸೀಳಲು ಬಾರದು, ಸರದಿಯಲ್ಲಿ ಸೇದಿಕೊಳ್ಳಬೇಕು. ಎರಡು ರೂಟರುಗಳ ನಡುವೆ ಪಾಲಾಗದೆ ಉಳಿಯುವುದು ಗಾಳಿ. ವೈಫೈ ಉಪಕರಣ ಮಾತಾಡುವ ಮುಂಚೆ ಕಿವಿಗೊಟ್ಟು ಕೇಳುತ್ತದೆ. ಬೇರೆ ಯಾರೋ ಮಾತಾಡುತ್ತಿದ್ದರೆ ಸುಮ್ಮನಿದ್ದು, ಆಮೇಲೂ ಒಂದಿಷ್ಟು ಕಾದು ಬಾಯಿ ತೆರೆಯುತ್ತದೆ. ಈ ಮನೆಯಲ್ಲಿ ಇಷ್ಟು ಸಂಸ್ಕಾರವಿರುವುದು ಅದಕ್ಕೊಂದಕ್ಕೇ.

2.4 ಗಿಗಾಹರ್ಟ್ಸಿನಲ್ಲಿ ಭಾರತದಲ್ಲಿ 13 ಚಾನೆಲ್‌ಗಳುಂಟು. ಆದರೆ ಅವು 5 ಮೆಗಾಹರ್ಟ್ಸ್ ಅಂತರದಲ್ಲಿ ಕುಳಿತು 20 ಮೆಗಾಹರ್ಟ್ಸ್ ಜಾಗ ಆಕ್ರಮಿಸುತ್ತವೆ. ಒಂದಕ್ಕೊಂದು ತಾಗದೆ ನಿಲ್ಲುವ ಚಾನೆಲ್‌ಗಳೆಂದು ರೂಢಿಯಲ್ಲಿರುವವು 1, 6, 11 ಮಾತ್ರ. ಹಾಲಿನದು 1ರಲ್ಲಿದ್ದರೆ ಕೋಣೆಯದನ್ನು 11ಕ್ಕೆ ಹಾಕತಕ್ಕದ್ದು. ಮಧ್ಯಮ ಮಾರ್ಗವೆಂದು 3ಕ್ಕೆ ಹಾಕುವವರಿದ್ದಾರೆ. ಒಂದೇ ಚಾನೆಲ್‌ನಲ್ಲಿದ್ದರೆ ಇಬ್ಬರೂ ಒಬ್ಬರ ಮಾತು ಒಬ್ಬರು ಕೇಳಿ ಸರದಿ ಪಾಲಿಸುತ್ತಾರೆ. ಅರ್ಧಂಬರ್ಧ ತಾಗಿಕೊಂಡವರಿಗೆ ಇನ್ನೊಬ್ಬರ ಮಾತು ಬರೀ ಗದ್ದಲ. 5 ಗಿಗಾಹರ್ಟ್ಸಿನಲ್ಲಿ ಜಾಗ ಧಾರಾಳ, ಆದರೆ ಆ ಅಲೆ ಗೋಡೆ ಕಂಡರೆ ಬೇಗ ಸೋಲುತ್ತದೆ. 1895ರಲ್ಲಿ ಕಲ್ಕತ್ತೆಯಲ್ಲಿ ಜಗದೀಶಚಂದ್ರ ಬೋಸರು ಗೋಡೆಯಾಚೆಗೆ ಅಲೆ ಕಳಿಸಿ ಗಂಟೆ ಬಾರಿಸಿ ತೋರಿಸಿದ್ದರು. ನಮ್ಮ ಕ್ಷೇತ್ರದಲ್ಲಿ ಗೋಡೆಗೆ ಒರಗಿ ಕಬ್ಬಿಣದ ಬೀರುವೂ ನಿಂತಿದೆ.

8. ನಾಮಕರಣ ಪ್ರಕರಣ

ಹೊಸ ಜಾಲಕ್ಕೆ ಕನ್ನಡದಲ್ಲಿಯೇ ಹೆಸರಿಡಬೇಕೆಂದು ನಾಲ್ವರೂ ಒಪ್ಪಿದ್ದು ಈ ಅಧ್ಯಯನದಲ್ಲಿ ದಾಖಲಾದ ಏಕೈಕ ಒಮ್ಮತ. ಆದರೆ ಜಾಲದ ಹೆಸರಿಗೆ 32 ಬೈಟ್ ಮಾತ್ರ ಅವಕಾಶ. ಇಂಗ್ಲಿಷಿನ ಅಕ್ಷರಕ್ಕೆ ಒಂದು ಬೈಟ್ ಸಾಕು. ಕನ್ನಡದಲ್ಲಿ ಅಕ್ಷರಕ್ಕೆ ಮೂರು, ಅದಕ್ಕೆ ಹತ್ತುವ ಗುಣಿತದ ಚಿಹ್ನೆಗೆ ಮತ್ತೆ ಮೂರು, ಒತ್ತಕ್ಷರವಾದರೆ ಇನ್ನೂ ಆರು. "ದ್ವಿತೀಯ ರೂಟರ್" 37 ಬೈಟ್ ಆಗಿ ತಿರಸ್ಕೃತವಾಯಿತು. "ಮೂರನೆಯ ಕೋಣೆ" 31ರಲ್ಲಿ ಹಿಡಿಸಿತು. ಮನೆಯ ಮೂರನೆಯ ಕೋಣೆಯಲ್ಲಿರುವವನು ಮಂಗಳೂರಿನವನು, ಧಾರವಾಡದವನಿರುವುದು ಎರಡನೆಯದರಲ್ಲಿ ಎಂಬುದು ಬೇರೆ ಮಾತು. "ಎರಡನೆಯ ಕೋಣೆ"ಯೂ 31 ಬೈಟೇ, ಎಣಿಸಿ ನೋಡಿದವರಿಲ್ಲ.

9. ಉಳಿದ ಆಕ್ಷೇಪ

ಪ್ರತಿಬಂಧ ನಿಂತ ಮೇಲೆ ಮಂಗಳೂರಿನವನು ತಾನೂ ಒಂದು ಸ್ಪೀಕರ್ ತಂದ. ಮಂಡ್ಯದವನು ಸುಮ್ಮನಿರುವುದುಂಟೆ? ಈಗ ಧಾರವಾಡದವನ ಹಾಡನ್ನು ಯಾರೂ ಬದಲಿಸಲಾರರು. ಎಲ್ಲರ ಹಾಡೂ ಎಲ್ಲರಿಗೂ ಕೇಳುತ್ತದೆ. 5 ಗಿಗಾಹರ್ಟ್ಸ್ ಅಲೆಯನ್ನು ಕುಗ್ಗಿಸುವ ಅದೇ ಗೋಡೆ ಚೆಂಡೆಗೆ ಸರಾಗವಾಗಿ ದಾರಿ ಬಿಡುತ್ತದೆ. ನ್ಯಾಟ್ ತಡೆಯುವುದು ಅಪ್ಪಣೆಯನ್ನು, ಸದ್ದನ್ನಲ್ಲ. ಸದ್ದಿಗೆ ಇರುವ ಶಾಸ್ತ್ರ 2000ದ ಶಬ್ದಮಾಲಿನ್ಯ ನಿಯಮ: ವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬೆಲ್, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ 45. ಇದನ್ನು ಯಾವ ರೂಟರೂ ಜಾರಿ ಮಾಡದು. ಈ ಮನೆಯಲ್ಲಿ ಅದನ್ನು ಜಾರಿ ಮಾಡುವವರು ಓನರ್ ಆಂಟಿ. ಉಪಕರಣ, ಕೆಳಗಿನ ಮನೆಯ ಮೇಲ್ಛಾವಣಿಗೆ ತಾಗುವ ಪೊರಕೆಯ ಹಿಡಿ.

10. ಸಿದ್ಧಾಂತ

ಮೇಲಿನದೆಲ್ಲವನ್ನೂ ಕೂಡಿಸಿ ನೋಡಿದರೆ ಸಿದ್ಧಾಂತ ಇಷ್ಟು. ಸಿಗ್ನಲ್ ಸಾಲದವನು ಲ್ಯಾನ್ ಪೋರ್ಟಿಗೆ ಶರಣಾಗಲಿ; ದಾಯಾದಿಗಳಿಂದ ಬೇಸತ್ತವನು ವ್ಯಾನ್ ಪೋರ್ಟಿಗೆ. ನಿಶ್ಶಬ್ದ ಬೇಕಾದವನು ಊರಿಗೆ ಹೋಗಲಿ.

ಒಂದು ಪ್ರಶ್ನೆ ಉಳಿಯಿತು: ಎರಡನೆಯ ರೂಟರ್ ಯಾರದು? ಅದನ್ನು ಕೊಂಡಾಗ ಕರ್ತನು ಅಭ್ಯಾಸಬಲದಿಂದ ಅದರ ಬೆಲೆಯನ್ನು ಗ್ಯಾಸ್ ಸಿಲಿಂಡರ್ ಮತ್ತು ನೀರಿನ ಕ್ಯಾನ್‌ಗಳ ಲೆಕ್ಕದಲ್ಲಿ ಸೇರಿಸಿದ; ನಾಲ್ವರೂ ಓದದೆ ಯುಪಿಐ ಮಾಡಿದರು. ಅಂದಮೇಲೆ ಪಾಲಿಗೆಂದು ತಂದ ಉಪಕರಣವೇ ಒಟ್ಟು ಕುಟುಂಬದ ಆಸ್ತಿ, ಅದರಲ್ಲೂ ಪಾಲಾಗದ ಆಸ್ತಿ. ಮಾರಿ ಹಂಚಿಕೊಳ್ಳೋಣವೆಂದರೆ ಹಳೆಯ ರೂಟರಿಗೆ ಸಿಗುವ ಹಣದಲ್ಲಿ ತಲೆಗೊಂದು ಮಸಾಲೆ ದೋಸೆಯೂ ಬಾರದು. ಒಬ್ಬನೇ ಇಟ್ಟುಕೊಂಡು ಉಳಿದವರಿಗೆ ಹಣ ಕೊಡಲಿ ಎಂದರೆ ಅದರ ಪಾಸ್‌ವರ್ಡ್ ಗೊತ್ತಿರುವುದು ಸಂಗೀತವೇ ಬೇಡದ ತುಮಕೂರಿನವನಿಗೆ. ಹೀಗಾಗಿ 11 ತಿಂಗಳ ಕರಾರು ಮುಗಿಯುತ್ತಿರುವ ಈ ಹೊತ್ತಿನಲ್ಲಿ ನಾಲ್ವರೂ ಒಟ್ಟಿಗೇ ಇನ್ನೊಂದು ಮನೆ ಹುಡುಕುತ್ತಿದ್ದಾರೆ. ಬೇಡಿಕೆಗಳು ಎರಡೇ: ಹಾಲಿನಲ್ಲೊಂದು, ಹಿಂದಿನ ಕೋಣೆಯಲ್ಲೊಂದು ಪ್ಲಗ್ ಪಾಯಿಂಟ್ ಇರಬೇಕು, ಓನರ್ ಕೆಳಗಿನ ಮನೆಯಲ್ಲಿ ಇರಕೂಡದು.