ಸೀಟಿಯ ಹಿಂದೆ ಅಂಡಮಾನು

ಬೆಂಗಳೂರಿನ ನಮ್ಮ ಕಾಮಾಕ್ಷಿಪಾಳ್ಯದ ಮೇಲೆ ಸ್ಕೇಲಿನ ತುದಿ ಇಟ್ಟು ಭೂಪಟದಲ್ಲಿ ನೇರ ಪೂರ್ವಕ್ಕೆ ಗೆರೆ ಎಳೆದರೆ, ಅದು ಚೆನ್ನೈನ ದಕ್ಷಿಣದಂಚಿನಲ್ಲಿ ನೆಲ ಬಿಟ್ಟು, ಬಂಗಾಳ ಕೊಲ್ಲಿಯನ್ನು ಈಜಿ, ಅಂಡಮಾನಿನ ಮಾಯಾಬಂದರದ ಆಸುಪಾಸಿನಲ್ಲಿ ಮತ್ತೆ ದಡ ಹತ್ತುತ್ತದೆ. ಎರಡೂ ಊರು ಇರುವುದು ಹೆಚ್ಚುಕಡಿಮೆ 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಲೆಕ್ಕಕ್ಕೆ ಅಂಡಮಾನು ನಮ್ಮ ಕ್ರಾಸಿನ ಕೊನೆಯ ಮನೆ. ನಡುವೆ ಒಂದಿಷ್ಟು ನೀರು ನಿಂತಿದೆ ಅಷ್ಟೆ, ಮಳೆ ಬಂದಾಗ ಮಾಗಡಿ ರಸ್ತೆಯಲ್ಲಿ ನಿಲ್ಲುವುದಿಲ್ಲವೆ, ಹಾಗೆ. ಆದ್ದರಿಂದ ಲೇತ್ ಶೆಡ್ಡಿನ ಯಜಮಾನರು, ಪೌಡರ್ ಕೋಟಿಂಗ್ ಮಾಡುವವರು, ಚೀಟಿ ಎತ್ತಿದ ಗೃಹಿಣಿಯರು, ನಿವೃತ್ತ ಮೇಷ್ಟರು ಎಲ್ಲ ಸೇರಿ 'ಆರು ರಾತ್ರಿ ಏಳು ಹಗಲು' ಎಂಬ ಪ್ಯಾಕೇಜಿನಲ್ಲಿ ಅಲ್ಲಿಗೆ ಹೊರಡುವುದರಲ್ಲಿ ಆಶ್ಚರ್ಯವಿಲ್ಲ. ಆಶ್ಚರ್ಯವಿರುವುದು ಅವರನ್ನು ನೋಡಿ ನಗುವವರಲ್ಲಿ. ಒಂದೇ ಬಣ್ಣದ ಟೋಪಿ, ಮುಂದೆ ಬಾವುಟ ಹಿಡಿದ ಗೈಡು, ಅವನ ಕತ್ತಿನಲ್ಲೊಂದು ಸೀಟಿ, ಹಿಂದೆ ಮೂವತ್ತು ಮಂದಿ. "ಇದೇನು ಪ್ರವಾಸವೋ ಕುರಿ ಮಂದೆಯೋ?" ಎಂದು ಬೆನ್ನುಚೀಲದ ತರುಣರು ಕೇಳುತ್ತಾರೆ. ಕಾಡು ಕಡಲು ಕೂಡಿರುವ ದ್ವೀಪವೊಂದನ್ನು ನೋಡುವುದಕ್ಕೆ ಈ ಮಂದೆಯೇ ಸರಿಯಾದ ಕ್ರಮ, ಆ ಸೀಟಿಯೇ ಸರಿಯಾದ ವಾದ್ಯ ಎಂಬುದು ನನ್ನ ಪಕ್ಷ.

ಇದಕ್ಕೆ ಮೊದಲ ಆಕ್ಷೇಪ ಪುಸ್ತಕದ ಕಪಾಟಿನಿಂದ ಬರುತ್ತದೆ. ಪೂರ್ಣಚಂದ್ರ ತೇಜಸ್ವಿಯವರ 'ಅಲೆಮಾರಿಯ ಅಂಡಮಾನ್ ಮತ್ತು ಮಹಾನದಿ ನೈಲ್' ಓದಿದ ಕನ್ನಡಿಗನಿಗೆ ಅಂಡಮಾನು ಎಂದೊಡನೆ ಅಲೆಮಾರಿಯಾಗಬೇಕು ಅನ್ನಿಸುತ್ತದೆ. ಅನ್ನಿಸಲಿ, ಅದರಲ್ಲಿ ತಪ್ಪಿಲ್ಲ. ಆದರೆ ಆ ಅಲೆಮಾರಿ ಮೂಡಿಗೆರೆಯ ತೋಟದಲ್ಲಿ ಕೂತು ವರ್ಷಗಟ್ಟಲೆ ಹಕ್ಕಿ, ಹುಳ, ಮೀನುಗಳ ಬೆನ್ನು ಹತ್ತಿದವರು. ಗಾಳ ಹಾಕುವುದೂ ಗೊತ್ತು, ಕ್ಯಾಮೆರಾ ಹಿಡಿದು ಗಂಟೆಗಟ್ಟಲೆ ಕಾಯುವುದೂ ಗೊತ್ತು. ಗೈಡು ಅವರ ತಲೆಯೊಳಗೇ ಇದ್ದ. ನಮ್ಮ ಪರಿಸ್ಥಿತಿ ಹಾಗಲ್ಲ. ಗುಬ್ಬಿ ಬಿಟ್ಟು ಬೇರೆ ಹಕ್ಕಿಯನ್ನೆಲ್ಲ 'ಅದೊಂಥರಾ ಹಕ್ಕಿ' ಎನ್ನುವವರು, ಮೀನನ್ನು ತಟ್ಟೆಯಲ್ಲಷ್ಟೇ ಗುರುತಿಸುವವರು, ಒಬ್ಬರೇ ಮ್ಯಾಂಗ್ರೋವ್ ಕಾಡಿನೊಳಗೆ ಹೊಕ್ಕರೆ ನೋಡುವುದು ಏನನ್ನು? ಕೆಸರು, ಬೇರು, ಮೊಬೈಲಿನಲ್ಲಿ ಸಿಗದ ಸಿಗ್ನಲ್ಲು. ಕೆಸರಿನಿಂದ ಮೊಳೆಯಂತೆ ಎದ್ದಿರುವುದು ಆ ಮರದ ಉಸಿರಾಡುವ ಬೇರು ಎಂದು ಯಾರಾದರೂ ಬೆರಳು ಮಾಡಿ ತೋರಿಸುವವರೆಗೆ ಅದು ಪಾದಕ್ಕೆ ಚುಚ್ಚುವ ಕಡ್ಡಿ. ಮರದ ದಿಮ್ಮಿಯಂತೆ ಕಾಣುವುದು ಉಪ್ಪುನೀರಿನ ಮೊಸಳೆ ಎಂದು ತಿಳಿಸುವವನಿಲ್ಲದಿದ್ದರಂತೂ, ಆ ತಿಳಿವಳಿಕೆಯನ್ನು ನಾಲ್ಕು ಜನಕ್ಕೆ ಹಂಚಿಕೊಳ್ಳುವ ಅವಕಾಶ ಮುಂದೆ ಸಿಗುವುದೂ ಅನುಮಾನ.

ಎರಡನೆಯದಾಗಿ, ಒಬ್ಬನೇ ಹೋದರೆ ಸ್ವಾತಂತ್ರ್ಯ ಎನ್ನುವವರು ಅಂಡಮಾನಿನ ವ್ಯವಸ್ಥೆಯನ್ನು ನೋಡಿಲ್ಲ. ನಿಕೋಬಾರನ್ನೂ ಬಂಡೆಗಳನ್ನೂ ಸೇರಿಸಿ ಎಣಿಸಿದರೆ ಅಲ್ಲಿ 800ಕ್ಕೂ ಹೆಚ್ಚು ದ್ವೀಪಗಳಿವೆ, ಜನವಸತಿ ಇರುವುದು 31ರಲ್ಲಿ. ಪ್ರವಾಸಿಗೆ ತೆರೆದಿರುವುದು ಬೆರಳೆಣಿಕೆಯಷ್ಟು. ನಿಕೋಬಾರಿನ ಕಡೆಗಂತೂ ಸಾಮಾನ್ಯ ಪ್ರವಾಸಿ ತಲೆ ಹಾಕುವಂತಿಲ್ಲ. ವಂಡೂರಿನಲ್ಲಿರುವ ಮಹಾತ್ಮ ಗಾಂಧಿ ಸಾಗರ ರಾಷ್ಟ್ರೀಯ ಉದ್ಯಾನವನ್ನೇ ತೆಗೆದುಕೊಳ್ಳಿ. 1983ರಲ್ಲಿ ಆದದ್ದು, 15 ದ್ವೀಪಗಳ ಗುಂಪು. ಅದರಲ್ಲಿ ಜಾಲಿ ಬಾಯ್, ರೆಡ್ ಸ್ಕಿನ್ ಎಂಬ ಎರಡು ದ್ವೀಪಗಳು ಪಾಳಿಯ ಮೇಲೆ ಕೆಲಸ ಮಾಡುತ್ತವೆ. ವರ್ಷದಲ್ಲಿ ಕೆಲವು ತಿಂಗಳು ಒಂದು ತೆರೆದಿದ್ದರೆ ಇನ್ನೊಂದಕ್ಕೆ ರಜೆ, ಹವಳ ಸುಧಾರಿಸಿಕೊಳ್ಳಲಿ ಎಂದು. ದೋಣಿ ಹತ್ತುವ ಮೊದಲು ಪ್ಲಾಸ್ಟಿಕ್ ಬಾಟಲಿ, ಚಿಪ್ಸ್ ಪೊಟ್ಟಣ ದಡದಲ್ಲೇ ಇಳಿಸಬೇಕು. ಇಳಿದ ಮೇಲೆ ಹವಳ ತುಳಿಯುವಂತಿಲ್ಲ. ಸತ್ತ ಹವಳವನ್ನೂ ಜೇಬಿಗೆ ಹಾಕುವಂತಿಲ್ಲ, ಅದಕ್ಕೆ 1972ರ ವನ್ಯಜೀವಿ ಕಾಯ್ದೆಯ ರಕ್ಷಣೆಯಿದೆ. ದ್ವೀಪವೇ ಫಸ್ಟ್ ಶಿಫ್ಟು, ಸೆಕೆಂಡ್ ಶಿಫ್ಟು ಎಂದು ನಡೆಯುತ್ತಿರುವಾಗ, ಕಾಮಾಕ್ಷಿಪಾಳ್ಯದ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಪಾಳಿ ಮಾಡಿದವನಿಗಿಂತ ಅದರ ಮರ್ಮ ತಿಳಿದವರು ಯಾರು? ಮಿಷನ್ನಿಗೂ ಬಿಡುವು ಕೊಡಬೇಕು, ಇಲ್ಲದಿದ್ದರೆ ಬೇರಿಂಗ್ ಹೋಗುತ್ತದೆ ಎಂಬುದು ಅವನಿಗೆ ಯಾರೂ ಹೇಳಿಕೊಡಬೇಕಾದ ಮಾತಲ್ಲ. 'ಮನಸ್ಸು ಬಂದಾಗ ಹೋಗ್ತೀನಿ, ಮನಸ್ಸು ಬಂದಲ್ಲಿ ಇಳೀತೀನಿ' ಎನ್ನುವ ಬೆನ್ನುಚೀಲದವನೇ ಅಲ್ಲಿ ಕೌಂಟರಿನ ಮುಂದೆ ಗೊಣಗುತ್ತ ನಿಂತಿರುತ್ತಾನೆ.

ಸೀಟಿ ಊದುವವರಿಲ್ಲದ ಪ್ರಕೃತಿ ಏನಾಗುತ್ತದೆ ಎಂಬುದಕ್ಕೆ ಸಾಕ್ಷಿ ಹುಡುಕಿಕೊಂಡು ಸಮುದ್ರ ದಾಟಬೇಕಾಗಿಲ್ಲ. ನಮ್ಮ ಬಡಾವಣೆಯ ಹತ್ತಿರದಲ್ಲೇ ವೃಷಭಾವತಿ ಹರಿಯುತ್ತದೆ. ಬಸವನ ಪಾದದಲ್ಲಿ ಹುಟ್ಟಿದ ನದಿ ಎಂಬ ಪ್ರತೀತಿ ಅದಕ್ಕಿದೆ, ದಡದಲ್ಲಿ ಗಾಳಿ ಆಂಜನೇಯನ ಗುಡಿಯಿದೆ. ಅದಕ್ಕೆ ಟಿಕೆಟ್ಟಿಲ್ಲ, ಪರ್ಮಿಟ್ಟಿಲ್ಲ, ಶಿಫ್ಟಿಲ್ಲ, 'ಇಲ್ಲಿಂದಾಚೆ ಬೇಡ' ಎನ್ನುವವರಿಲ್ಲ. ಯಾರು ಬೇಕಾದರೂ ಯಾವಾಗ ಬೇಕಾದರೂ ಏನು ಬೇಕಾದರೂ ಬಿಡಬಹುದಿತ್ತು, ಬಿಟ್ಟರು. ನೊರೆಯೇನೋ ಅದರಲ್ಲೂ ಏಳುತ್ತದೆ, ಅಂಡಮಾನಿನ ರಾಧಾನಗರ ಬೀಚಿನ ಅಲೆಗಳಿಗಿಂತ ಬಿಳುಪಾಗಿ. ಆದರೆ ಅದನ್ನು ನೋಡಲು ಯಾರೂ ಪ್ಯಾಕೇಜು ಮಾಡುವುದಿಲ್ಲ. ಈ ಕಾಲದಲ್ಲಿ ಕಾಡು ಎಂದರೆ ಮನುಷ್ಯನಿಗೆ ಬೇಲಿ ಹಾಕಿದ್ದರಿಂದ ಉಳಿದುಕೊಂಡ ಜಾಗ. ಅದನ್ನು ನೋಡಲು ಹೋಗುವವನು ಬೇಲಿಯ ಶಿಸ್ತನ್ನೂ ಒಪ್ಪಿ ಹೋಗಬೇಕಾಗುತ್ತದೆ.

ಇಷ್ಟು ಹೇಳಿದ ಮೇಲೆ ನನ್ನ ವಾದ ಕುಂಟುವ ಜಾಗಕ್ಕೂ ಬರಬೇಕು. ಪ್ಯಾಕೇಜಿನ ನಾಲ್ಕನೆಯ ದಿನ ಸಾಮಾನ್ಯವಾಗಿ ಬಾರಾಟಾಂಗ್: ಸುಣ್ಣಕಲ್ಲಿನ ಗುಹೆ, ಕೆಸರು ಗುಳುಗುಳು ಎನ್ನುವ ಮಣ್ಣಿನ ಜ್ವಾಲಾಮುಖಿ. ಬೆಳಗಿನ ಜಾವದಲ್ಲೇ ಎದ್ದು ಜಿರ್ಕಾಟಾಂಗ್ ಚೆಕ್‌ಪೋಸ್ಟಿನಲ್ಲಿ ಸಾಲು ಹಚ್ಚಬೇಕು. ಅಲ್ಲಿಂದ ಮುಂದಕ್ಕೆ ಗೊತ್ತಾದ ಹೊತ್ತಿನಲ್ಲಿ, ಬೆಂಗಾವಲಿನಲ್ಲಿ, ಎಲ್ಲ ಗಾಡಿಗಳೂ ಒಟ್ಟಿಗೆ. ನಡುವೆ ನಿಲ್ಲಿಸುವಂತಿಲ್ಲ, ಮುಂದಿನ ಗಾಡಿಯನ್ನು ದಾಟುವಂತಿಲ್ಲ, ಫೋಟೋ ಇಲ್ಲ, ವೇಗ 40 ಕಿಲೋಮೀಟರ್ ಮೀರುವಂತಿಲ್ಲ. ಸುಮನಹಳ್ಳಿ ಜಂಕ್ಷನ್ನನ್ನು ಸಂಜೆ ಆರೂವರೆಗೆ ದಾಟಿ ಅಭ್ಯಾಸವಿರುವವರಿಗೆ 40 ಕಿಲೋಮೀಟರ್ ಎಂಬುದು ಕಡಿವಾಣವಲ್ಲ, ಕನಸು. ತಮಾಷೆ ಅಲ್ಲಿಗೆ ನಿಲ್ಲುತ್ತದೆ. ಆ ರಸ್ತೆ ಹಾದುಹೋಗುವುದು ಜಾರವಾ ಜನರ ಮೀಸಲು ಪ್ರದೇಶದ ನಡುವೆ. ಮೂಲನಿವಾಸಿಗಳ ರಕ್ಷಣೆಗೆ 1956ರಲ್ಲೇ ನಿಯಮ ಬಂದಿದೆ; ಮೀಸಲು ಪ್ರದೇಶದೊಳಗಿನ ರಸ್ತೆಯನ್ನು ಮುಚ್ಚಬೇಕೆಂದು ಸುಪ್ರೀಂ ಕೋರ್ಟು 2002ರಲ್ಲಿ ಹೇಳಿದ್ದೂ ಉಂಟು. ಆದರೂ ಗಾಡಿಗಳು ಓಡುತ್ತಿವೆ, ಗಾಜಿಗೆ ಮೂಗು ಒತ್ತಿದ ಮುಖಗಳೂ ಓಡುತ್ತಿವೆ. ಗುಹೆ ನೋಡುವ ನೆಪದಲ್ಲಿ ಮನುಷ್ಯರನ್ನು ಇಣುಕುವ ಈ ಚಟಕ್ಕೆ ಗೈಡು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಒಟ್ಟಾಗಿ ಹೋದ ಮಾತ್ರಕ್ಕೆ ಅದು ಮರ್ಯಾದೆಯಾಗುವುದಿಲ್ಲ. ಬಾರಾಟಾಂಗಿಗೆ ಸಮುದ್ರದ ದಾರಿಯೂ ಇದೆ. ಆ ದಾರಿ ಹಿಡಿಯುವ ಅಥವಾ ಆ ದಿನವನ್ನೇ ಕೈಬಿಟ್ಟು ಚಿಡಿಯಾ ಟಾಪುವಿನಲ್ಲಿ ಹಕ್ಕಿ ತೋರಿಸುವ ಪ್ಯಾಕೇಜಿಗೆ ನನ್ನ ಓಟು. 'ಅಲ್ಲಿಗೆ ಹೋಗೋದು ಬೇಡ' ಎಂದು ಹೇಳಬಲ್ಲ ಗೈಡೇ ಗೈಡು.

ಗುಂಪಾಗಿ, ಒಬ್ಬನ ಹಿಂದೆ, ದಿನ ಲೆಕ್ಕ ಹಾಕಿಕೊಂಡು ಹೋಗುವುದು ವಿಲಾಯತಿಯಿಂದ ಬಂದ ವ್ಯಾಪಾರ ಎಂದು ಮೂಗು ಮುರಿಯುವವರಿದ್ದಾರೆ. ವ್ಯಾಪಾರದ ಮಟ್ಟಿಗೆ ಅದು ನಿಜ. 1841ರ ಜುಲೈ 5ರಂದು ಥಾಮಸ್ ಕುಕ್ ಎಂಬಾತ ಸುಮಾರು 500 ಜನರನ್ನು ತಲೆಗೊಂದು ಶಿಲಿಂಗಿನಂತೆ ಲೆಸ್ಟರಿನಿಂದ ಲಫ್‌ಬರೋಗೆ ರೈಲಿನಲ್ಲಿ ಕರೆದೊಯ್ದ. ಉದ್ದೇಶ ಪಾನನಿರೋಧದ ಸಭೆ. ಗುಂಪು ಪ್ರವಾಸ ಹುಟ್ಟಿದ್ದು ಕುಡಿಯಬೇಡಿ ಎಂದು ಹೇಳುವುದಕ್ಕೆ ಎಂಬುದನ್ನು ಪ್ಯಾಕೇಜಿನ ಹಿಂದಿನ ಸೀಟಿನವರು ಗಮನಿಸಬೇಕು. ಆದರೆ ಪದ್ಧತಿ ನಮ್ಮಲ್ಲಿ ಅದಕ್ಕಿಂತ ಹಳೆಯದು. ಶಬರಿಮಲೆಗೆ ಗುರುಸ್ವಾಮಿಯಿಲ್ಲದೆ ಯಾರಾದರೂ ಹೊರಡುತ್ತಾರೆಯೆ? ಯಾವಾಗ ಏಳಬೇಕು, ಎಲ್ಲಿ ಸ್ನಾನ, ಯಾವ ಏರಿನಲ್ಲಿ ಕೂರಬಾರದು ಎಲ್ಲ ಅವರ ಮಾತು. ಶಿವರಾತ್ರಿಗೆ ಬೆಂಗಳೂರಿನಿಂದ ಧರ್ಮಸ್ಥಳಕ್ಕೆ ನಡೆಯುವ ತಂಡಗಳ ಹಿಂದೆ ಪಾತ್ರೆ, ಅಕ್ಕಿ, ಗ್ಯಾಸು ಹೊತ್ತ ಟೆಂಪೋ ಬರುತ್ತದೆ. ಕಾಶಿಗೆ ಹೋದವರು ಪಂಡಾನ ಹಿಂದೆಯೇ ನಡೆದರು, ಅವನು ಹೇಳಿದ್ದಕ್ಕಿಂತ ಸ್ವಲ್ಪ ಕಡಿಮೆ ದಕ್ಷಿಣೆ ಕೊಟ್ಟು ವಾಪಸು ಬಂದರು. ಅವರನ್ನು ಯಾರೂ ಕುರಿ ಎನ್ನಲಿಲ್ಲ, ಕಾಲು ತೊಳೆದು ತೀರ್ಥ ತೆಗೆದುಕೊಂಡರು. ದೇವರನ್ನು ನೋಡಲು ಗೈಡು ಬೇಕಂತೆ, ಹವಳವನ್ನು ನೋಡಲು ಬೇಡವಂತೆ!

ಗೈಡು ಬುರುಡೆ ಬಿಡುತ್ತಾನೆ ಎಂಬ ದೂರಿನಲ್ಲಿ ಸತ್ಯವಿದೆ. ಬಿಡಲಿ. ಬುರುಡೆಯ ನಡುವೆ ನಾಲ್ಕು ನಿಜ ಸಿಕ್ಕರೂ ಲಾಭವೇ, ಮತ್ತು ಅಂಡಮಾನಿನಲ್ಲಿ ನಿಜವೇ ಬುರುಡೆಯಂತಿರುತ್ತದೆ. ಹಳೆಯ ಕೆಂಪು ಇಪ್ಪತ್ತು ರೂಪಾಯಿ ನೋಟನ್ನು ಜೇಬಿನಿಂದ ತೆಗೆದು, ಹಿಂಬದಿಯ ತೆಂಗಿನ ಮರಗಳನ್ನೂ ದೀಪಸ್ತಂಭವನ್ನೂ ತೋರಿಸಿ, ತಲೆ ಎತ್ತಿ ನೋಡಿ ಎನ್ನುತ್ತಾನೆ. ಎದುರಿಗೆ ಅದೇ ನಾರ್ತ್ ಬೇ. ವರ್ಷಗಟ್ಟಲೆ ಸೊಪ್ಪಿನವಳ ಕೈಗೆ ಕೊಟ್ಟು ಚಿಲ್ಲರೆ ಪಡೆದ ನೋಟಿನಲ್ಲಿ ಒಂದು ದ್ವೀಪವಿತ್ತು ಎಂದು ತಿಳಿಯುವುದೇನು ಸಣ್ಣ ಸಂಗತಿಯೆ? ಹೆಸರುಗಳದ್ದು ಇನ್ನೊಂದು ಕಥೆ. ಹ್ಯಾವ್‌ಲಾಕ್ 2018ರ ಕೊನೆಯಲ್ಲಿ ಸ್ವರಾಜ್ ದ್ವೀಪವಾಯಿತು, ನೀಲ್ ಶಹೀದ್ ದ್ವೀಪವಾಯಿತು, ಪೋರ್ಟ್ ಬ್ಲೇರ್ 2024ರಲ್ಲಿ ಶ್ರೀ ವಿಜಯ ಪುರಂ ಆಯಿತು. ಗೈಡು ಹೊಸ ಹೆಸರು ಹೇಳಿ ಹಳೆಯದನ್ನು ಪಿಸುಗುಟ್ಟುತ್ತಾನೆ. ಬ್ಯಾಂಗಲೂರು ಬೆಂಗಳೂರಾದದ್ದನ್ನು ಕಂಡವರಿಗೆ ಇದು ಗೊಂದಲವಾಗುವುದಿಲ್ಲ. ಸೆಲ್ಯುಲರ್ ಜೈಲಿನಲ್ಲಿ ಮಾತ್ರ ಅವನಿಗೆ ಬುರುಡೆಯ ಅಗತ್ಯ ಬೀಳುವುದಿಲ್ಲ. ನಡುಗೋಪುರದಿಂದ ಸೈಕಲ್ ಚಕ್ರದ ಕಡ್ಡಿಗಳಂತೆ ಹೊರಟಿದ್ದ ಏಳು ಕಟ್ಟಡಗಳಲ್ಲಿ ಉಳಿದ ಮೂರನ್ನು ತೋರಿಸಿ, ಒಬ್ಬನಿಗೊಬ್ಬ ಕಾಣದಂತೆ ಕಟ್ಟಿದ್ದು ಹೇಗೆ ಎಂದು ಹೇಳಿದರೆ ಸಾಕು, ಮೂವತ್ತು ಟೋಪಿಗಳೂ ಸುಮ್ಮನಾಗುತ್ತವೆ. ಮರುದಿನ ಚಾಥಮ್ ದ್ವೀಪದ ಗರಗಸದ ಕಾರ್ಖಾನೆ. 1883ರಿಂದ ಇರುವುದು, ಪಡೌಕಿನ ಕೆಂಪು ದಿಮ್ಮಿಗಳನ್ನು ಸೀಳುತ್ತಾ ಬಂದದ್ದು. ಬೇರೆ ಊರಿನ ಪ್ರವಾಸಿಗಳು ಹತ್ತು ನಿಮಿಷಕ್ಕೆ ಹೊರಬರಬಹುದು. ನಮ್ಮವರು ಗರಗಸದ ಹಲ್ಲು, ಬೆಲ್ಟು, ಮೋಟರಿನ ಎಚ್‌ಪಿ ವಿಚಾರಿಸದೆ ಬರುವ ಪೈಕಿಯಲ್ಲ. ಸೀಟಿ ಊದಿ ಊದಿ ಗೈಡಿನ ಕೆನ್ನೆ ನೋಯುವ ಸ್ಥಳ ಇದೊಂದೇ.

ಊಟದ ಆಕ್ಷೇಪಕ್ಕೆ ಹೆಚ್ಚು ಹೊತ್ತು ಬೇಡ. ಸಮುದ್ರದ ನಡುವೆ ಕೂತು ಚಿತ್ರಾನ್ನ ತಿನ್ನಲು ಅಷ್ಟು ದೂರ ಹೋಗಬೇಕೆ, ಪ್ಯಾಕೇಜಿನ ಜೊತೆ ಅಡುಗೆಭಟ್ಟರೇಕೆ ಎಂದು ಕೇಳುತ್ತಾರೆ. ಹೊಸದು ಬೇಕಿರುವುದು ಕಣ್ಣಿಗೆ. ಹೊಟ್ಟೆಗೆ ಹಳೆಯದೇ ಬೇಕು. ಹೊಟ್ಟೆ ಕೆಟ್ಟವನಿಗೆ ಹವಳವೂ ಒಂದೇ ಹಾಳು ಕಲ್ಲೂ ಒಂದೇ. ಮೀನು ತಿನ್ನುವವರನ್ನು ಯಾರೂ ಕಟ್ಟಿಹಾಕಿಲ್ಲ. ಸಾರು ಅನ್ನ ಮುಗಿಸಿ ಸುರ್ಮೈ ಫ್ರೈಗೆ ಎದ್ದು ಹೋಗುವ ಜಾಣರು ಪ್ರತಿ ತಂಡದಲ್ಲೂ ಇರುತ್ತಾರೆ.

ಇನ್ನು ನಾಲ್ಕು ಗಂಟೆಗೆ ಎಬ್ಬಿಸುವ ಹಿಂಸೆ. ಎಲ್ಲರ ಸಿಟ್ಟೂ ಇಲ್ಲೇ, ಗೈಡಿನ ನಿರಪರಾಧವೂ ಇಲ್ಲೇ. ನಮ್ಮ ದೇಶದ ಗಡಿಯಾರ ನಡೆಯುವುದು 82.5 ಡಿಗ್ರಿ ರೇಖಾಂಶದ ಲೆಕ್ಕದಲ್ಲಿ. ಬೆಂಗಳೂರು ಸುಮಾರು 77.6ರಲ್ಲಿದೆ, ಅಂಡಮಾನು ಸುಮಾರು 92.7ರಲ್ಲಿ. ನಡುವಿನ ಹದಿನೈದು ಡಿಗ್ರಿ ಅಂದರೆ ಸೂರ್ಯನಿಗೆ ಸರಿಯಾಗಿ ಒಂದು ಗಂಟೆಯ ದಾರಿ. ಕೈಗಡಿಯಾರ ಎರಡೂ ಕಡೆ ಒಂದೇ ಹೊತ್ತು ತೋರಿಸುತ್ತಿದ್ದರೂ ಆ ದ್ವೀಪದ ಬೆಳಗು ಕಾಮಾಕ್ಷಿಪಾಳ್ಯದ ಬೆಳಗಿಗಿಂತ ಒಂದು ಗಂಟೆ ಮುಂದೆ ಓಡುತ್ತಿರುತ್ತದೆ, ಡಿಸೆಂಬರಿನಲ್ಲಿ ಐದು ಗಂಟೆಗೆಲ್ಲ ಸೂರ್ಯ ಮುಳುಗಿ ಹೋಗಿರುತ್ತಾನೆ. ಇಲ್ಲಿಯ ಅಭ್ಯಾಸದಂತೆ ಏಳಕ್ಕೆ ಎದ್ದು, ಎಂಟಕ್ಕೆ ಪೇಪರು ಓದಿ, ಹತ್ತಕ್ಕೆ ಹೊರಟವನ ಪಾಲಿಗೆ ಉಳಿಯುವುದು ದಿನದ ಬಾಲ. ತನ್ನಿಷ್ಟದ ಹೊತ್ತಿಗೆ ಏಳುವ ಸ್ವತಂತ್ರ ಪ್ರವಾಸಿಗೆ ದ್ವೀಪದ ಅರ್ಧ ಹಗಲು ಕಾಣುವುದೇ ಇಲ್ಲ. ಬಾಗಿಲು ಬಡಿದು ಎಬ್ಬಿಸಿಕೊಂಡ ಮಂದೆಗೆ ಪೂರ್ತಿ ಕಾಣುತ್ತದೆ. ಏಳು ದಿನ ಸಾಲದು ಎನ್ನುವವರಿಗೂ ನನ್ನ ಉತ್ತರ ಇದೇ: ದಿನಕ್ಕೆ ಒಂದೊಂದು ಗಂಟೆ ಹೆಚ್ಚು ಸಿಕ್ಕಿದೆ, ಕೂಡಿಸಿ ನೋಡಿ.

ಈ ಒಂದು ಗಂಟೆಯನ್ನು ಏರ್‌ಪೋರ್ಟಿನ ತಪಾಸಣೆಯವರು ಹಿಡಿಯುವುದಿಲ್ಲ. ಚೀಲದ ತಳದಲ್ಲಿ ಬಟ್ಟೆ ಸುತ್ತಿಟ್ಟ ಹವಳದ ಚೂರು ಅಲ್ಲೇ ಉಳಿದರೂ ಇದು ಜೊತೆಗೆ ಬರುತ್ತದೆ. ಊರಿಗೆ ಬಂದು ಮೂರು ನಾಲ್ಕು ದಿನ, ಯಾರೂ ಬಾಗಿಲು ಬಡಿಯದಿದ್ದರೂ, ಕತ್ತಲಲ್ಲೇ ಎಚ್ಚರವಾಗಿ ಟೆರೇಸಿಗೆ ಹೋಗಿ ನಿಲ್ಲುವವರಿದ್ದಾರೆ. ಆ ಹೊತ್ತಿಗೆ ಪ್ರೆಸ್ಸುಗಳು ಶುರುವಾಗಿರುವುದಿಲ್ಲ. ಮಾಗಡಿ ರಸ್ತೆಯಲ್ಲಿ ಒಂದು ಹಾಲಿನ ವ್ಯಾನು, ಮಾರ್ಕೆಟ್ಟಿನಿಂದ ಹೂವಿನ ಮೂಟೆ ತರುವ ಆಟೋ, ಬೇಲಿಯ ಹಾಗೆ ಸಾಲಾಗಿ ಮಲಗಿದ ನಾಯಿಗಳು. ಮೇಲೆ ಯಾವುದೋ ಹಕ್ಕಿ ಕೂಗುತ್ತದೆ. ಗುಬ್ಬಿಯಂತೂ ಅಲ್ಲ, ಅದರ ಹೆಸರೇನೆಂದು ಕೇಳೋಣವೆಂದರೆ ಹತ್ತಿರದಲ್ಲಿ ಗೈಡು ಇಲ್ಲ.