ಗೇಟಿನಲ್ಲಿ ಬೈಕ್ ನಿಲ್ಲಿಸುವವರ ಪರವಾಗಿ ನಮ್ಮ ಅಪಾರ್ಟ್‌ಮೆಂಟಿನವರಿಗೆ ಒಂದು ಬಹಿರಂಗ ಪತ್ರ

ಪ್ರಿಯ ನೆರೆಹೊರೆಯವರೇ,

2025ರ ಜೂನ್ ತಿಂಗಳು ನಿಮಗೆ ನೆನಪಿರಬೇಕು. 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಗೆ ತಿದ್ದುಪಡಿ ತಂದು ದಿನದ ದುಡಿಮೆಯನ್ನು 9 ಗಂಟೆಯಿಂದ 10ಕ್ಕೆ, ಓವರ್‌ಟೈಮ್ ಸೇರಿದರೆ 12ಕ್ಕೆ ಏರಿಸುವ ಪ್ರಸ್ತಾವವನ್ನು ರಾಜ್ಯ ಸರ್ಕಾರ ಮುಂದಿಟ್ಟಿತ್ತು. ಅದರ ಹಿಂದಿನ ವರ್ಷ ಐಟಿ ನೌಕರರಿಗೆ ದಿನಕ್ಕೆ 14 ಗಂಟೆಯ ಮಾತೆದ್ದಾಗ ಅವರ ಸಂಘವಾದ ಕೆಐಟಿಯು ಪ್ರತಿಭಟನೆ ನಡೆಸಿತ್ತು. ಅದಕ್ಕೂ ಮೊದಲು, 2023ರಲ್ಲಿ, ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕೆಂದು ಇನ್ಫೋಸಿಸ್‌ನ ನಾರಾಯಣ ಮೂರ್ತಿಯವರು ಹೇಳಿದ್ದರು. ಆ ದಿನಗಳಲ್ಲಿ ನಮ್ಮ ವಾಟ್ಸಾಪ್ ಗುಂಪಿನಲ್ಲಿ ಪಕ್ಷಭೇದವೇ ಇರಲಿಲ್ಲ. ಮಕ್ಕಳ ಮುಖ ನೋಡುವುದು ಯಾವಾಗ, ಕೆಟ್ಟುಹೋದ ಆರೋಗ್ಯಕ್ಕೆ ಯಾರು ಹೊಣೆ ಎಂದು ನೀವು ಕೇಳಿದಿರಿ. ಪ್ರತಿಯೊಂದು ಪ್ರಶ್ನೆಯೂ ನ್ಯಾಯವಾದದ್ದು. ಇಂದಿಗೂ ನಾನು ನಿಮ್ಮ ಜೊತೆಗಿದ್ದೇನೆ.

ಅದೇ ಪ್ರಶ್ನೆಗಳನ್ನು ನಮ್ಮ ಗೇಟಿನಲ್ಲಿ ಬೈಕ್ ನಿಲ್ಲಿಸಿ, ಬ್ಯಾಗ್ ಹೊತ್ತು ಓಡುವ ಹುಡುಗರ ಪರವಾಗಿಯೂ ಕೇಳೋಣ ಎಂದು ಕೇಳಿಕೊಳ್ಳಲು ಈ ಪತ್ರ.

ಮೊನ್ನೆ ರಾತ್ರಿ ಹಾಲು ತಂದುಕೊಟ್ಟ ಹುಡುಗ ಸಿಂಧನೂರು ಕಡೆಯವನು. ಬೆಳಿಗ್ಗೆ ಏಳಕ್ಕೆ ಲಾಗಿನ್ ಆದವನು ಹತ್ತು ಗಂಟೆಯಾದರೂ ರಸ್ತೆಯಲ್ಲೇ ಇದ್ದ. ಇನ್ನು ಸಾಕು, ಮನೆಗೆ ಹೋಗಪ್ಪ ಎಂದೆ. "ಇನ್ನ ನಾಕ್ ಆರ್ಡರ್ ಆದ್ರ ಇನ್ಸೆಂಟಿವ್ ಬರ್ತದ್ರೀ ಸರ. ಈಗ ಬಿಟ್ರ ಇಡೀ ದಿನದ್ದು ಹೋಗ್ತದ" ಎಂದು ಹೇಳಿ ಹೊರಟ. ಅವನ ದಿನ ಮುಗಿಯುವುದು ಯಾವಾಗ ಎಂಬುದನ್ನು ಗಡಿಯಾರ ಹೇಳುವುದಿಲ್ಲ, ಫೋನಿನ ಪರದೆಯ ಮೇಲಿನ ಗುರಿ ಹೇಳುತ್ತದೆ. ಆ ಗುರಿಯನ್ನು ಅವನಿಂದ ಎಷ್ಟು ದೂರದಲ್ಲಿಡಬೇಕು ಎಂದು ನಿರ್ಧರಿಸುವ ಮ್ಯಾನೇಜರ್ ಅವನ ಕಣ್ಣಿಗೆ ಬೀಳುವುದೇ ಇಲ್ಲ.

ಕಂಪನಿಗಳ ಕಡೆಯ ಮಾತನ್ನೂ ಹೇಳಿಬಿಡುತ್ತೇನೆ. ವೇಗ ಇರುವುದು ಡಾರ್ಕ್ ಸ್ಟೋರಿನಲ್ಲಿ, ಅಂದರೆ ಆ್ಯಪ್ ಆರ್ಡರಿಗೆಂದೇ ಇಟ್ಟ ಅಂಗಡಿಯಲ್ಲಿ, ಸಾಮಾನು ಹುಡುಕಿ ಕಟ್ಟುವ ಕೆಲಸದಲ್ಲಿ. ಅಂಗಡಿ ಮನೆಗೆ ಹತ್ತಿರವಿರುವುದರಿಂದ ಹುಡುಗರು ಬೈಕನ್ನು ವೇಗವಾಗಿ ಓಡಿಸಬೇಕಾಗಿಲ್ಲ, ತಡವಾದರೆ ದಂಡವೂ ಇಲ್ಲ ಎನ್ನುತ್ತಾರೆ. ಅಂಗಡಿ ಹತ್ತಿರವಿರುವುದು ನಿಜ. ಆದರೆ ಆರ್ಡರಿನ ಲೆಕ್ಕದಲ್ಲಿ ಕೂಲಿ, ಆರ್ಡರುಗಳ ಸಂಖ್ಯೆ ಮುಟ್ಟಿದರೆ ಇನ್ಸೆಂಟಿವ್ ಎಂದಾದ ಮೇಲೆ ಅವಸರಪಡಿಸಲು ಬೇರೆ ದಂಡ ಯಾಕೆ ಬೇಕು? ಸಿಗ್ನಲ್ಲಿನಲ್ಲಿ ನಿಂತ ಪ್ರತಿ ನಿಮಿಷವೂ ಅವನ ಜೇಬಿನಿಂದ ಹೋಗುತ್ತದೆ. ಪೆಟ್ರೋಲು, ಬೈಕಿನ ಸಾಲ, ರಿಪೇರಿ ಎಲ್ಲವೂ ಅವನದೇ. ಬಿದ್ದು ಕೈ ಮುರಿದರೆ ಮನೆಯಲ್ಲಿ ಕುಳಿತ ದಿನಗಳೂ ಅವನವೇ.

ನಮ್ಮ ಫೋನಿಗೆ ಬರುವ ನಕ್ಷೆಯಲ್ಲಿ ಅವನೊಂದು ಚಲಿಸುವ ಚುಕ್ಕೆ. ಚುಕ್ಕೆ ನಿಂತರೆ ಫೋನ್ ಮಾಡಿ ಗದರುತ್ತೇವೆ, ಸಾಮಾನು ಕೈಗೆ ಬಂದ ಮೇಲೆ ನಕ್ಷತ್ರ ಒತ್ತುತ್ತೇವೆ. ಹಿಂದೆ ಮೇಸ್ತ್ರಿ ಮಾಡುತ್ತಿದ್ದ ಕೆಲಸವನ್ನು ಈ ತಂತ್ರಜ್ಞಾನ ನಮ್ಮ ಹೆಬ್ಬೆರಳಿಗೆ ಹಂಚಿದೆ. ಎರಡು ನಕ್ಷತ್ರ ಕೊಟ್ಟ ನಾವು ಮರುಕ್ಷಣ ಮರೆಯುತ್ತೇವೆ. ರೇಟಿಂಗ್ ಇಳಿದವನಿಗೆ ಕೆಲಸ ಕಡಿಮೆಯಾಗುವ ಭಯ, ಐಡಿ ಬ್ಲಾಕ್ ಆಗುವ ಭಯ. ಹಸಿ ಕೊತ್ತಂಬರಿ ಬಾಡಿದ್ದಕ್ಕೆ ತಂದುಕೊಟ್ಟವನ ನಕ್ಷತ್ರ ಕಡಿಮೆ ಮಾಡುವುದು ಅನ್ಯಾಯ. ಅದನ್ನು ಚೀಲಕ್ಕೆ ಹಾಕಿದವನು ಅವನಲ್ಲ.

ಇನ್ನು ಸರ್ವಿಸ್ ಲಿಫ್ಟಿನ ವಿಷಯ. ಡೆಲಿವರಿಯವರು ಅದನ್ನೇ ಬಳಸಬೇಕೆಂಬ ನಿಯಮ ನಮ್ಮಲ್ಲಿದೆ. ಕಸ ಇಳಿಸುವುದೂ ಅದರಲ್ಲೇ, ಸೋಫಾ ಹತ್ತಿಸುವುದೂ ಅದರಲ್ಲೇ. ಅದು ಬರುವವರೆಗೆ ಕಾಯಲಾಗದೆ ಆರನೇ ಮಹಡಿಗೆ ಮೆಟ್ಟಿಲು ಹತ್ತಿ ಬಂದವರನ್ನು ಕಂಡಿದ್ದೇನೆ. ಸುರಕ್ಷತೆಗಾಗಿ ಎನ್ನುತ್ತೀರಿ. ಗೇಟಿನಲ್ಲಿ ಹೆಸರು, ನಂಬರು, ಫೋಟೊ ಎಲ್ಲ ದಾಖಲಾದ ಮನುಷ್ಯ ಲಿಫ್ಟಿನಲ್ಲಿ ನಮ್ಮ ಪಕ್ಕ ನಿಂತರೆ ಯಾವ ಅಪಾಯ? ಅವನು ಮುಟ್ಟಿದ ಊಟ ನಮಗೆ ಬೇಕು, ಅವನು ನಿಂತ ಲಿಫ್ಟು ಬೇಡ ಎಂಬ ಈ ನಿಯಮಕ್ಕೆ ನಮ್ಮ ದೇಶದಲ್ಲಿ ಹಳೆಯ ಚರಿತ್ರೆಯಿದೆ. ಅದು ನಿಮಗೂ ಗೊತ್ತು. ನಾನು ಇದನ್ನು ಸಂಕಟದಿಂದಲೇ ಬರೆಯುತ್ತಿದ್ದೇನೆ. ಈ ನಿಯಮ ಹೋಗಲೇಬೇಕು.

ಸರ್ಕಾರ ಏನೂ ಮಾಡಿಲ್ಲವೆಂದರೆ ಸುಳ್ಳಾಗುತ್ತದೆ. ಇಂಥ ಗಿಗ್ ಕೆಲಸಗಾರರಿಗಾಗಿ ರಾಜಸ್ಥಾನ 2023ರಲ್ಲಿ ದೇಶದ ಮೊದಲ ಕಾನೂನು ತಂದಿತು. ಕರ್ನಾಟಕ 2025ರ ಮೇ ತಿಂಗಳಲ್ಲಿ ಸುಗ್ರೀವಾಜ್ಞೆ ಹೊರಡಿಸಿ, ಅದೇ ವರ್ಷ ಅದನ್ನು ಕಾಯ್ದೆ ಮಾಡಿತು. ಪ್ರತಿ ವಹಿವಾಟಿನಲ್ಲಿ ಕೆಲಸಗಾರನಿಗೆ ಸಂದಾಯವಾಗುವ ಹಣದ ಶೇ 1ರಿಂದ 5ರಷ್ಟನ್ನು ಕಂಪನಿ ಕಲ್ಯಾಣ ನಿಧಿಗೆ ಕಟ್ಟಬೇಕು. ಕೆಲಸದಿಂದ ತೆಗೆಯಬೇಕಾದರೆ ಲಿಖಿತ ಕಾರಣದೊಂದಿಗೆ 14 ದಿನಗಳ ನೋಟಿಸ್ ಕೊಡಬೇಕು. ಆ್ಯಪ್ ಯಾವ ಲೆಕ್ಕದಲ್ಲಿ ಕೆಲಸ ಹಂಚುತ್ತದೆ, ರೇಟಿಂಗ್ ಹೇಗೆ ನಡೆಯುತ್ತದೆ ಎಂಬುದನ್ನೂ ತಿಳಿಸಬೇಕು. ಒಂದು ಆರ್ಡರಿಗೆ ಹುಡುಗನಿಗೆ 30 ರೂಪಾಯಿ ಸಿಗುತ್ತದೆಂದುಕೊಳ್ಳಿ. ನಿಧಿಗೆ ಹೋಗುವುದು 30 ಪೈಸೆಯಿಂದ ಒಂದೂವರೆ ರೂಪಾಯಿ. ಇದರಿಂದ ಉದ್ಯಮ ಮುಳುಗುತ್ತದೆ, ದರ ಏರುತ್ತದೆ ಎಂದು ನಮ್ಮ ಗುಂಪಿನಲ್ಲಿ ಸಂದೇಶ ಹರಿದಾಡಿತು. ಅಷ್ಟು ಹಣ ಬಿಲ್ಲಿಗೇ ಸೇರಿದರೂ ಕೊಡಲು ನಾನು ಸಿದ್ಧ. ನೀವೂ ಸಿದ್ಧರಿರಬೇಕು.

ಆದರೂ ಆ ಕಾಯ್ದೆಯಲ್ಲಿ ದಿನಕ್ಕೆ ಇಷ್ಟೇ ಗಂಟೆ ಎಂಬ ಮಿತಿಯಿಲ್ಲ, ಕನಿಷ್ಠ ವೇತನವೂ ಇಲ್ಲ. ನಮ್ಮ ದುಡಿಮೆ 12 ಗಂಟೆಯಾದೀತೆಂದು ನಾವು ಹೆದರಿದೆವು. ಅವರಿಗೆ ಹೆದರಲು ಒಂದು ಅಂಕಿಯೂ ಇಲ್ಲ. ನೀತಿ ಆಯೋಗದ 2022ರ ವರದಿಯ ಪ್ರಕಾರ ದೇಶದಲ್ಲಿ 2020-21ರಲ್ಲಿ ಗಿಗ್ ಕೆಲಸಗಾರರು 77 ಲಕ್ಷ ಇದ್ದರು, 2029-30ರ ಹೊತ್ತಿಗೆ 2.35 ಕೋಟಿಯಾಗುತ್ತಾರೆ. ನಮ್ಮ ಮಕ್ಕಳಲ್ಲೂ ಕೆಲವರು ಅವರ ನಡುವೆ ಇರಬಹುದು. ಆಫೀಸುಗಳಲ್ಲಿ ಕಾಯಂ ಕೆಲಸ ಕರಗುತ್ತಿರುವುದನ್ನು ನೀವೇ ದಿನವೂ ಹೇಳುತ್ತೀರಿ.

ಒತ್ತಾಯಿಸಿದರೆ ಬದಲಾವಣೆ ಬರುತ್ತದೆ. 2025ರ ಡಿಸೆಂಬರ್ 25 ಮತ್ತು 31ರಂದು ಡೆಲಿವರಿ ಕೆಲಸಗಾರರ ಸಂಘಟನೆಗಳು ಮುಷ್ಕರಕ್ಕೆ ಕರೆ ಕೊಟ್ಟವು. ಜನವರಿಯಲ್ಲಿ ಕೇಂದ್ರ ಕಾರ್ಮಿಕ ಸಚಿವ ಮನ್ಸುಖ್ ಮಾಂಡವಿಯಾ ಕಂಪನಿಗಳ ಜೊತೆ ಮಾತಾಡಿದರು, ಡೆಲಿವರಿ ಕಂಪನಿ ಬ್ಲಿಂಕಿಟ್ ತನ್ನ ಜಾಹೀರಾತಿನಿಂದ ಹತ್ತು ನಿಮಿಷದಲ್ಲಿ ತಲುಪಿಸುವ ಮಾತನ್ನು ತೆಗೆಯಿತು. ಸಂಜೆ ಐದಕ್ಕೆ ಗೊತ್ತಿದ್ದ ಅಡುಗೆಗೆ ಏಳೂವರೆಗೆ ಟೊಮೆಟೊ ತರಿಸುವ ನಮ್ಮ ಅಭ್ಯಾಸ ಮಾತ್ರ ಹಾಗೇ ಉಳಿದಿದೆ. ಅದನ್ನು ಬಿಡಲು ಯಾವ ಸಚಿವರೂ ಬೇಕಾಗಿಲ್ಲ. ಕೆಳಗಿನ ಅಂಗಡಿಯಲ್ಲಿ ಟೊಮೆಟೊ ಸಿಗುತ್ತದೆ.

ಈಗ ಬೆಂಗಳೂರಿನಲ್ಲಿ ಐದು ಪಾಲಿಕೆಗಳಾಗಿವೆ. ಮತ ಕೇಳಲು ಬರುವವರ ಮುಂದೆ ನಾವು ಕಸ, ಗುಂಡಿ, ನೀರು ಎಂದು ಪಟ್ಟಿ ಇಡುತ್ತೇವೆ. ಈ ಸಲ ಇನ್ನೊಂದು ಬೇಡಿಕೆ ಸೇರಿಸಿ: ಪ್ರತಿ ವಾರ್ಡಿನಲ್ಲಿ ಡೆಲಿವರಿ ಕೆಲಸಗಾರರಿಗೆ ಕೂರಲು ನೆರಳು, ಕುಡಿಯಲು ನೀರು, ಹೆಣ್ಣುಮಕ್ಕಳಿಗೂ ಬಳಸಲಾಗುವ ಶೌಚಾಲಯ, ಫೋನ್ ಚಾರ್ಜಿಗೆ ಪ್ಲಗ್. ಚೆನ್ನೈ ಪಾಲಿಕೆ 2025ರಲ್ಲೇ ಅಣ್ಣಾನಗರದಲ್ಲಿ ಇಂಥವರಿಗಾಗಿ ಹವಾನಿಯಂತ್ರಿತ ವಿಶ್ರಾಂತಿ ಕೊಠಡಿ ತೆರೆದಿದೆ. ಬೆಂಗಳೂರಿಗೆ ಅದು ಸಾಧ್ಯವಿಲ್ಲ ಎನ್ನುವ ಅಭ್ಯರ್ಥಿಗೆ ನಿಮ್ಮ ಮತ ಕೊಡಬೇಡಿ.

ಇಂತಿ,
ನಿಮ್ಮ ನೆರೆಯವ