ಹಕ್ಕಿ ಕಾಯುವುದು

ನಮ್ಮ ಕ್ಯಾತನಹಳ್ಳಿಯಲ್ಲಿ ‘ಹಕ್ಕಿ ಕಾಯೋದು’ ಅಂದರೆ ಹಕ್ಕಿ ಓಡಿಸೋದು. ಭತ್ತ ಹಾಲುಗಟ್ಟುವ ದಿನಗಳಲ್ಲಿ ಮೇಷ್ಟ್ರು ಹಾಜರಿ ಕೂಗಿದರೆ ಅರ್ಧ ಹೆಸರುಗಳಿಗೆ ಒಂದೇ ಉತ್ತರ: “ಹಕ್ಕಿ ಕಾಯಕ್ ಹೋಗವ್ನೆ ಸಾ.” ಮೇಷ್ಟ್ರು ಅದನ್ನು ಜ್ವರ, ಮದುವೆ, ಸಾವುಗಳ ಸಾಲಿಗೆ ಸೇರಿಸಿ ಸುಮ್ಮನಾಗುತ್ತಿದ್ದರು. ಅವರಿಗೂ ಒಂದೆಕರೆ ಗದ್ದೆಯಿತ್ತು.

ನಾನು ಆ ಇಲಾಖೆಯಲ್ಲಿ ಎಂಟನೇ ವಯಸ್ಸಿಗೇ ನೌಕರಿಗೆ ಸೇರಿದವನು. ಬದುವಿನ ಪಕ್ಕ ನಾಲ್ಕು ಗಳ ನೆಟ್ಟು ಕಟ್ಟಿದ ಅಟ್ಟಣೆ ನನ್ನ ಕಚೇರಿ. ಸಲಕರಣೆ ಎರಡು: ತಳ ತೂತಾದ ಡಾಲ್ಡಾ ಡಬ್ಬ, ಮತ್ತೆ ಅಪ್ಪ ಕತ್ತಾಳೆ ನಾರಿನಲ್ಲಿ ಹೆಣೆದುಕೊಟ್ಟ ಕವಣೆ. ಕವಣೆಯ ಒಂದು ತುದಿಯ ಕುಣಿಕೆಯನ್ನು ನಡುಬೆರಳಿಗೆ ಸಿಕ್ಕಿಸಿ, ಇನ್ನೊಂದು ತುದಿಯನ್ನು ಹೆಬ್ಬೆರಳಲ್ಲಿ ಒತ್ತಿ ಹಿಡಿದು, ನಡುವಿನ ಜೋಳಿಗೆಯಲ್ಲಿ ಒಣಗಿದ ಮಣ್ಣುಂಡೆ ಇಟ್ಟು, ತಲೆಯ ಮೇಲೆ ಮೂರು ಸುತ್ತು ತಿರುಗಿಸಿ ಹೆಬ್ಬೆರಳು ಸಡಿಲಿಸಿದರೆ, ಉಂಡೆ ಎಲ್ಲಿಗೆ ಹೋಗುತ್ತದೆಂಬುದು ದೇವರಿಗೆ ಬಿಟ್ಟದ್ದು. ಒಮ್ಮೆ ಕಳೆ ಕೀಳುತ್ತಿದ್ದ ದೊಡ್ಡಪ್ಪನ ಬೆನ್ನಿಗೆ ಹೋಗಿತ್ತು. ಹಕ್ಕಿಗೆ ಮಾತ್ರ ಒಮ್ಮೆಯೂ ತಾಗಲಿಲ್ಲ. ತಾಗಬೇಕಾಗಿಯೂ ಇರಲಿಲ್ಲ ಅನ್ನಿ. ‘ಸುಂಯ್’ ಅನ್ನುವ ಸದ್ದಿಗೇ ರಾಟವಾಳಗಳ ಹಿಂಡು ಎದ್ದು ಪಕ್ಕದವರ ಗದ್ದೆಗೆ ಹೋಗಿ ಇಳಿಯುತ್ತಿತ್ತು. ಅಲ್ಲಿನ ಹುಡುಗ ಡಬ್ಬ ಬಡಿದರೆ ಅದರಾಚೆಗೆ. ಅಲ್ಲಿಂದ ತಿರುಗಿ ನಮ್ಮಲ್ಲಿಗೆ. ಊರಿನ ಹುಡುಗರೆಲ್ಲ ಸೇರಿ ಬೆಳಗಿನಿಂದ ಸಂಜೆಯವರೆಗೆ ಒಂದೇ ಹಿಂಡನ್ನು ಬಯಲ ತುಂಬ ಪ್ರದಕ್ಷಿಣೆ ಹಾಕಿಸುತ್ತಿದ್ದೆವು. ಸಂಬಳ ದಿನಕ್ಕೆ ಹತ್ತು ಪೈಸೆ, ಅಪ್ಪನಿಗೆ ನೆನಪಿದ್ದರೆ.

ಈ ಸಲ ಯುಗಾದಿ ಕಳೆದು ವಾರವಾಗಿರಬೇಕು, ಬೆಂಗಳೂರಿನಿಂದ ಮಗ ಫೋನು ಮಾಡಿದ. “ಅಪ್ಪ, ಭಾನುವಾರ ಹಕ್ಕಿ ನೋಡೋ ಕಾರ್ಯಕ್ರಮ ಐತೆ. ಫ್ಯಾಮಿಲಿ ಪೂರ್ತಿ ಹೋಗೋದು. ನಿಂದೂ ಅಮ್ಮಂದೂ ಹೆಸ್ರು ಬರ್ಸಿದೀನಿ.” ಮೈಸೂರಿನ ಕೆಲವು ಪಕ್ಷಿಪ್ರೇಮಿಗಳು ‘ಕುಟುಂಬ ಸಮೇತ ವಸಂತ ನಡಿಗೆ’ ಇಟ್ಟುಕೊಂಡಿದ್ದರಂತೆ. ಬೆಳಿಗ್ಗೆ ನಾಲೆ ಏರಿಯ ಮೇಲೆ ನಡಿಗೆ, ಆಮೇಲೆ ರಂಗನತಿಟ್ಟಿನಲ್ಲಿ ದೋಣಿ.

“ತಲೆಗೆಷ್ಟು?” ಅಂದೆ.

ಹೇಳಿದ. ನಾನು ಮನಸ್ಸಿನಲ್ಲೇ ಅದನ್ನು ಹತ್ತು ಪೈಸೆಯಿಂದ ಭಾಗಿಸಿ ನೋಡಿದೆ. ಬಾಲ್ಯವಿಡೀ ಹಕ್ಕಿ ಓಡಿಸಿ ಸಂಪಾದಿಸಿದ್ದನ್ನೆಲ್ಲ ಒಂದೇ ಬೆಳಿಗ್ಗೆ ಹಕ್ಕಿಗೆ ವಾಪಸು ಕಟ್ಟಬೇಕಾಗಿತ್ತು.

ಶನಿವಾರ ಸಂಜೆ ಎಲ್ಲರೂ ಬಂದಿಳಿದರು. ಸೊಸೆ ಮೊಬೈಲು ನೋಡಿ ಸೂಚನೆಗಳನ್ನು ಓದಿದಳು. ಗಾಢ ಬಣ್ಣ ಬೇಡ, ಸೆಂಟು ಬೇಡ, ಜೋರು ಮಾತು ಬೇಡ, ಬೈನಾಕ್ಯುಲರ್ ಇದ್ದರೆ ತನ್ನಿ, ಟೋಪಿ ಇರಲಿ. ಕೊನೆಗೆ ನನ್ನ ಕಡೆ ನೋಡಿ, “ಮಾವ, ಬಿಳಿ ಬಟ್ಟೆ ಹಾಕ್ಲೇಬಾರ್ದಂತೆ” ಅಂದಳು. ಮಂಡ್ಯ ಜಿಲ್ಲೆಯ ಗಂಡಸಿಗೆ ಇದನ್ನು ಹೇಳುವುದು ಎಷ್ಟು ಕಷ್ಟವೋ ಕೇಳುವುದು ಅದಕ್ಕಿಂತ ಕಷ್ಟ. ನನ್ನ ಬೀರುವಿನಲ್ಲಿ ಬಿಳಿ ಪಂಚೆ, ಬಿಳಿ ಅಂಗಿ, ಬಿಳಿ ಬನಿಯನ್ನು ಬಿಟ್ಟರೆ ಇರುವುದು ನ್ಯಾಫ್ತಲಿನ್ ಗುಳಿಗೆ; ಅದೂ ಬಿಳಿಯೇ. ಕೊನೆಗೆ ಮಗನ ಹಳೆಯ ಪಾಚಿ ಬಣ್ಣದ ಟೀ ಶರ್ಟೊಂದನ್ನು ಪಂಚೆಯ ಮೇಲೆ ಹಾಕಿಕೊಂಡೆ. ನಮ್ಮಾಕೆ ಮೇಲಿಂದ ಕೆಳಗೆ ನೋಡಿ, “ಮೇಲರ್ಧ ಮಿಲಿಟರಿ, ಕೆಳಗರ್ಧ ಪಂಚಾಯ್ತಿ” ಅಂದಳು. ಹೆಗಲ ಟವಲಿನ ವಿಚಾರ ಸೂಚನೆಯಲ್ಲಿರಲಿಲ್ಲ, ಆದ್ದರಿಂದ ಅದು ಉಳಿಯಿತು. ಉಳಿಯಬಾರದಿತ್ತು.

ಬೆಳಿಗ್ಗೆ ಆರಕ್ಕೆ ವಿ.ಸಿ. ನಾಲೆ ಏರಿಯ ಮೇಲೆ ಇಪ್ಪತ್ತು ಜನ. ಕರೆದೊಯ್ಯುವ ಹುಡುಗ ಕಂಪ್ಯೂಟರ್ ಕೆಲಸದವನಂತೆ, ಬಹಳ ವಿನಯವಂತ. ಪಿಸುಮಾತಲ್ಲೇ ಮಾತಾಡುತ್ತಿದ್ದ. ನಾನು ಹುಟ್ಟಿದಾಗಿನಿಂದ ಓಡಾಡಿದ ಏರಿಯ ಮೇಲೆ ನನಗೇ ದಾರಿ ತೋರಿಸಲು ಒಬ್ಬ ಮುಂದೆ ನಡೆಯುವುದು ಮೊದಲಿಗೆ ತಮಾಷೆಯಾಗಿ ಕಂಡಿತು. ಹೊಂಗೆಗಳೆಲ್ಲ ಹೊಸ ಎಲೆ ಬಿಟ್ಟು ಎಣ್ಣೆ ಹಚ್ಚಿದಂತೆ ಮಿನುಗುತ್ತಿದ್ದವು. ಯಾವುದೋ ಆಲೆಮನೆಯಿಂದ ಬೆಲ್ಲದ ಪಾಕದ ವಾಸನೆ ಬರುತ್ತಿತ್ತು. ಕೋಗಿಲೆ ಕೂಗಿತು. ಹಾಡುವುದು ಗಂಡು, ಹೆಣ್ಣು ಕಾಗೆಯ ಗೂಡಲ್ಲಿ ಮೊಟ್ಟೆ ಇಟ್ಟು ಹೋಗುತ್ತದೆ, ಮರಿ ಸಾಕುವುದು ಕಾಗೆ ಎಂದು ಹುಡುಗ ವಿವರಿಸಿದ. ನಮ್ಮಾಕೆ ಮಗ ಸೊಸೆಯರ ಮುಖ ನೋಡಿ, ಮೊಮ್ಮಗಳ ಬೇಸಿಗೆ ರಜದ ಎರಡು ತಿಂಗಳನ್ನು ಲೆಕ್ಕ ಹಾಕಿದವಳಂತೆ, ಏನೂ ಮಾತಾಡದೆ ಮುಂದೆ ನಡೆದಳು.

ಒಂದು ತಿರುವಿನಲ್ಲಿ ಟಿಟ್ಟಿಭವೊಂದು ಎದ್ದು ನಮ್ಮ ತಲೆಯ ಮೇಲೇ ಸುತ್ತುತ್ತ ಬಾಯಿ ಬಡಿದುಕೊಳ್ಳತೊಡಗಿತು. ಆ ಹಕ್ಕಿ ನನಗೆ ಹಳೇ ಪರಿಚಯ. ರಾತ್ರಿ ನೀರು ಕಟ್ಟಲು ಹೋದಾಗಲೆಲ್ಲ ಹೀಗೇ ಬೈದು ಊರಿಗೆಲ್ಲ ಸಾರುತ್ತಿತ್ತು. ಸರದಿ ತಪ್ಪಿಸಿ ನೀರು ತಿರುಗಿಸಿಕೊಳ್ಳುವವರಿಗೆ ಅದರಷ್ಟು ದೊಡ್ಡ ವೈರಿಯಿಲ್ಲ. ಹುಡುಗ ಎಲ್ಲರನ್ನೂ ನಿಲ್ಲಿಸಿ, ಸುತ್ತಮುತ್ತ ನಿಧಾನವಾಗಿ ಕಣ್ಣಾಡಿಸಿ, ನನ್ನ ಚಪ್ಪಲಿಯಿಂದ ನಾಲ್ಕು ಮಾರು ಆಚೆ ಬೆರಳು ತೋರಿಸಿದ. ಬರೀ ಜಲ್ಲಿಕಲ್ಲು. ಮತ್ತೆ ದಿಟ್ಟಿಸಿ ನೋಡಿದರೆ ಕಲ್ಲುಗಳ ನಡುವೆ ಕಲ್ಲಿನದೇ ಬಣ್ಣದ, ಕಪ್ಪು ಮಚ್ಚೆಯ ನಾಲ್ಕು ಮೊಟ್ಟೆ, ಮೊನೆಯೆಲ್ಲ ಒಳಗಡೆಗೆ ಜೋಡಿಸಿಟ್ಟಂತೆ. ಗೂಡೂ ಇಲ್ಲ, ಹುಲ್ಲೂ ಇಲ್ಲ. “ಅದು ಬೈತಿಲ್ಲ ಅಂಕಲ್, ನಮ್ಮನ್ನ ಇಲ್ಲಿಂದ ದೂರ ಕರ್ಕೊಂಡು ಹೋಗೋಕೆ ನೋಡ್ತಿದೆ” ಅಂದ ಹುಡುಗ. ಐವತ್ತು ವರ್ಷ ಅದರ ಬೈಗುಳವನ್ನು ನನ್ನ ನಡತೆಯ ಮೇಲಿನ ಟೀಕೆ ಎಂದೇ ತಿಳಿದಿದ್ದೆ. ದಾರಿ ತೋರಿಸುವವನು ಮುಂದೆ ನಡೆಯುವುದು ಆಮೇಲೆ ಅಷ್ಟು ತಮಾಷೆಯಾಗಿ ಕಾಣಲಿಲ್ಲ.

ರಂಗನತಿಟ್ಟಿಗೆ ಬಂದಾಗ ಬಿಸಿಲೇರಿತ್ತು. ಅಲ್ಲಿ ದೋಣಿಗೆ ಕಾಯುತ್ತ ಹುಡುಗ ಆ ಜಾಗದ ಕಥೆ ಹೇಳಿದ. ಕಂಠೀರವ ನರಸರಾಜ ಒಡೆಯರು 1645ರಿಂದ 1648ರ ನಡುವೆ ಕಾವೇರಿಗೆ ಅಡ್ಡಲಾಗಿ ಕಟ್ಟೆ ಕಟ್ಟಿಸಿದಾಗ ಈ ತಿಟ್ಟುಗಳು ಆದವು. ಹಕ್ಕಿಗಳು ಬಂದು ಮನೆ ಮಾಡಿದವು. ಸಲೀಂ ಅಲಿ ನೋಡಿ, ಇದನ್ನು ಉಳಿಸಿ ಎಂದು ಒತ್ತಾಯಿಸಿದ ಮೇಲೆ 1940ರಲ್ಲಿ ಪಕ್ಷಿಧಾಮವಾಯಿತು. 2022ರಲ್ಲಿ ಕರ್ನಾಟಕದ ಮೊದಲ ರಾಮ್ಸರ್ ತಾಣವಾಯಿತು. ನನಗೆ ಹಿಡಿಸಿದ್ದು ಮೊದಲನೇ ಭಾಗ. ಒಡೆಯರು ಕಟ್ಟೆ ಕಟ್ಟಿಸಿದ್ದು ಗದ್ದೆಗೆ ನೀರು ಬರಲಿ ಎಂದು. ನೀರು ಗದ್ದೆಗೆ ಬಂತು, ಹಕ್ಕಿ ತಿಟ್ಟಿಗೆ ಬಂತು, ತಿಟ್ಟಿನ ಹಕ್ಕಿ ಗದ್ದೆಗೆ ಬಂತು, ಗದ್ದೆಗೆ ನಾನು ಕವಣೆ ಹಿಡಿದು ಬಂದೆ. ನನ್ನ ನೌಕರಿಯ ಮೂಲ ಇಷ್ಟು ಹಳೆಯದೆಂದು ಗೊತ್ತಿರಲಿಲ್ಲ.

ದೋಣಿಯಲ್ಲಿ ಹನ್ನೆರಡು ಜನ. ಹುಟ್ಟು ಹಾಕುವಾತ ನನ್ನ ವಯಸ್ಸಿನವನೇ. ಇಂಗ್ಲಿಷು ಹೆಸರುಗಳನ್ನು ದೇವರ ನಾಮದ ಹಾಗೆ ಒಂದೇ ಉಸಿರಿಗೆ ಹೇಳುತ್ತಿದ್ದ: ಪೇಂಟೆಡ್ ಸ್ಟಾರ್ಕು, ಸ್ಪೂನ್‌ಬಿಲ್ಲು, ನೈಟ್ ಹೆರಾನು. ಬಂಡೆಯ ಮೇಲೆ ಮೊಸಳೆಯೊಂದು ಬಾಯಿ ತೆರೆದು ಮಲಗಿತ್ತು. ಮೊಮ್ಮಗಳು, “ತಾತ, ಅದಕ್ಕೆ ಬ್ಯಾಟ್ರಿ ಹಾಕಿದಾರಾ?” ಅಂದಳು. ಮೈ ತಂಪು ಮಾಡಿಕೊಳ್ಳಲು ಬಾಯಿ ತೆರೆದಿದೆ ಎಂದು ದೋಣಿಯವನು ಹೇಳಿದ ಮೇಲೂ ಅವಳಿಗೆ ಅನುಮಾನ ಹೋಗಲಿಲ್ಲ. ಹಾವಕ್ಕಿಯೊಂದು ಒದ್ದೆ ರೆಕ್ಕೆಗಳನ್ನು ಹರಡಿ, ಬಚ್ಚಲಿಂದ ಬಂದವರು ಬಿಸಿಲಿಗೆ ಬೆನ್ನು ಕೊಟ್ಟಂತೆ ನಿಂತಿತ್ತು. ನೀರು ಜಾರಿಹೋಗದ ಗರಿ ಅದರದು, ಮುಳುಗಿದಾಗಲೆಲ್ಲ ಒಣಗಿಸಲೇಬೇಕು.

ಆಮೇಲೆ ನದಿ ರೀವಗಳು. ಬೂದು ಮೈ, ಕರಿ ಟೋಪಿ, ಹಳದಿ ಕೊಕ್ಕು. ಇವೂ ಗೂಡು ಕಟ್ಟುವ ಗೋಜಿಗೆ ಹೋಗದೆ ನೀರಿನ ಮಟ್ಟಕ್ಕಿಂತ ಗೇಣೆತ್ತರದ ಬಂಡೆಯ ಮೇಲೆ, ಮರಳಿನ ಮೇಲೆ ಮೊಟ್ಟೆ ಇಟ್ಟು ಕೂತಿದ್ದವು. ಕನ್ನಂಬಾಡಿಯಿಂದ ಜಾಸ್ತಿ ನೀರು ಬಿಟ್ಟರೆ ಸಂಸಾರವೆಲ್ಲ ಕೊಚ್ಚಿಹೋಗುತ್ತದಂತೆ. ನೀರು ಬಿಡಬೇಡಿ ಎಂದು ನಾವು ಹೆದ್ದಾರಿಯಲ್ಲಿ ಕೂತು ಬಿಸಿಲಲ್ಲಿ ಒಣಗಿದ ದಿನಗಳು ನೆನಪಾಗಿ, ನಮ್ಮ ಕಡೆಯವರು ಇಲ್ಲೂ ಇದ್ದಾರಲ್ಲ ಅನ್ನಿಸಿತು. ಆವಾಗ ಗೊತ್ತಿದ್ದಿದ್ದರೆ ಮನವಿಪತ್ರಕ್ಕೆ ಇವುಗಳದ್ದೂ ಒಂದು ಹೆಬ್ಬೆಟ್ಟು ಹಾಕಿಸಬಹುದಿತ್ತು.

ಅನಾಹುತ ಆದದ್ದು ಬಿದಿರು ಮೆಳೆಯ ತಿಟ್ಟಿನ ಹತ್ತಿರ. ಎಲ್ಲರೂ ಉಸಿರು ಬಿಗಿಹಿಡಿದು ಕೂತಿದ್ದರು. ಹತ್ತಿರದ ಒಬ್ಬರು ಕೋವಿಯಷ್ಟು ಉದ್ದದ ಕ್ಯಾಮೆರಾ ಎತ್ತಿ ಗುರಿ ಹಿಡಿದಿದ್ದರು. ಇದ್ದಕ್ಕಿದ್ದಂತೆ ನೂರಾರು ಬೆಳ್ಳಕ್ಕಿ ಒಟ್ಟಿಗೆ ಮೆಳೆಯಿಂದ ಎದ್ದವು. ಎದ್ದು, ದಡದಾಚೆಯ ಹಸಿರು ಗದ್ದೆಗಳ ಕಡೆ ತಿರುಗಿದವು. ಅಷ್ಟೇ ನನಗೆ ಗೊತ್ತು. ಮುಂದಿನದು ನನ್ನ ಕೈ ಮಾಡಿದ್ದು. ಹೆಗಲ ಟವಲು ಯಾವಾಗ ಕೈಗೆ ಬಂತೋ, ತಲೆಯ ಮೇಲೆ ಮೂರು ಸುತ್ತು ಯಾವಾಗ ತಿರುಗಿತೋ, “ಹೋಹೋಹೋಯ್!” ಎಂದು ಐವತ್ತು ವರ್ಷ ಒಳಗೇ ಕೂತಿದ್ದ ಕೂಗು ಯಾವಾಗ ಹೊರಬಿತ್ತೋ! ದೋಣಿ ಒಂದು ಕಡೆಗೆ ವಾಲಿತು. ತಿಟ್ಟಿನ ಮೇಲೆ ಉಳಿದಿದ್ದ ಹಕ್ಕಿಗಳೂ ಎದ್ದವು. ಬ್ಯಾಟರಿಯಿಲ್ಲದ ಮೊಸಳೆ ಸರಕ್ಕನೆ ನೀರಿಗಿಳಿದು, ಮೊಮ್ಮಗಳ ಅನುಮಾನ ಪರಿಹಾರವಾಯಿತು.

ದೋಣಿಯಲ್ಲಿದ್ದ ಬೈನಾಕ್ಯುಲರುಗಳೆಲ್ಲ ನನ್ನ ಕಡೆ ತಿರುಗಿದವು. ಅಷ್ಟು ಹತ್ತಿರದಿಂದ ಅದರಲ್ಲಿ ಏನೂ ಕಾಣದೆಂದು ಅವರಿಗೆ ಹೇಳುವ ಧೈರ್ಯ ನನಗೆ ಬರಲಿಲ್ಲ. ಸೊಸೆ ನೀರು ನೋಡುತ್ತಿದ್ದಳು. ಮಗ ತನಗೂ ನನಗೂ ಸಂಬಂಧವಿಲ್ಲದವನ ಹಾಗೆ ಆಕಾಶ ನೋಡುತ್ತಿದ್ದ; ಆದರೆ ನನ್ನ ಮೈಮೇಲಿದ್ದದ್ದು ಅವನದೇ ಟೀ ಶರ್ಟು.

ನಕ್ಕವನು ದೋಣಿಯವನೊಬ್ಬನೇ. ಹುಟ್ಟು ನಿಲ್ಲಿಸಿ, “ಯಾವೂರು ಯಜಮಾನ್ರೆ?” ಅಂದ. ಹೇಳಿದೆ. “ಹಕ್ಕಿ ಕಾದ ಕೈ ಅಂತ ಗೊತ್ತಾಯ್ತು ಬುಡಿ. ನಾನೂ ಕಾದವ್ನೆಯ. ಈ ಕೆಲ್ಸಕ್ ಸೇರ್ದಾಗ ಒಂದ್ ತಿಂಗ್ಳು ನಂಗೂ ಹಿಂಗೇ ಕೈ ಎದ್ದೋಗದು.” ಅಲ್ಲಿಂದ ಅವನ ಇಂಗ್ಲಿಷು ಬಿತ್ತು, ನಮ್ಮ ಭಾಷೆ ಬಂತು. ಕೊಕ್ಕು ಮುಚ್ಚಿದರೂ ನಡುವೆ ಸಂದಿ ಉಳಿಯುವ ಬಾಯ್ಕಳಕವನ್ನು ತೋರಿಸಿ, ಒಟ್ಲು ತುಳಿಯುತ್ತದೆಂದು ನಾವು ಅಟ್ಟಾಡಿಸುತ್ತಿದ್ದ ಇದು ಗದ್ದೆಗೆ ಬರುವುದು ಭತ್ತಕ್ಕಲ್ಲ, ಬಸವನ ಹುಳಕ್ಕೆ ಎಂದ. ಆ ಸಂದಿ ಮರಿಗೆ ಇರುವುದಿಲ್ಲ, ಬೆಳೀತಾ ಬೆಳೀತಾ ಬರುತ್ತದೆ. ನಮ್ಮೂರ ಅರಳಿಕಟ್ಟೆಯ ಹಿರಿಯರಿಗೂ ಬಾಯಿ ಮುಚ್ಚಲಾಗದ ಕಾಯಿಲೆ ವಯಸ್ಸಾದ ಮೇಲೆಯೇ ಶುರುವಾಗುವುದು.

ಹಕ್ಕಿಗಳು ಸುತ್ತು ಹಾಕಿ ಮೆಲ್ಲಗೆ ವಾಪಸು ಬಂದವು. ದೋಣಿ ತಿಟ್ಟಿಗೆ ಇನ್ನಷ್ಟು ಹತ್ತಿರ ಹೋಯಿತು. ಮೊಣಕಾಲುದ್ದದ ಕಾಲಿನ ಬಣ್ಣದ ಕೊಕ್ಕರೆಯೊಂದು ಗೂಡಿನ ಅಂಚಿನಲ್ಲಿ ನಿಂತು, ಎರಡು ಬಿಳಿ ಮರಿಗಳಿಗೆ ರೆಕ್ಕೆಯ ನೆರಳು ಹಿಡಿದಿತ್ತು. ಬೋಳು ಕಿತ್ತಳೆ ಮುಖ, ತುದಿಯಲ್ಲಿ ಸ್ವಲ್ಪವೇ ಬಾಗಿದ ಹಳದಿ ಕೊಕ್ಕು, ಬಾಲದ ಕಡೆ ಗುಲಾಬಿ ರಂಗು ಎರಚಿದಂತೆ. ಕತ್ತು ತಿರುಗಿಸಿ ನನ್ನನ್ನೇ ನೋಡಿತು. ಓಡಲಿಲ್ಲ. ನಾನೂ ನೋಡಿದೆ. ಟವಲನ್ನು ಅಷ್ಟು ಹೊತ್ತಿಗೆ ನಮ್ಮಾಕೆ ಮಡಿಸಿ ತನ್ನ ಚೀಲಕ್ಕೆ ಹಾಕಿಕೊಂಡಿದ್ದಳು.

ಆ ಚೀಲದಲ್ಲೇ ಚಿತ್ರಾನ್ನದ ಡಬ್ಬಿಯಿತ್ತು. ಗೇಟಿನಾಚೆ ಮರದಡಿ ಕೂತು ಅದನ್ನು ತೆಗೆದದ್ದು, ಕೋತಿಯೊಂದು ಮುಚ್ಚಳ ಸಮೇತ ಒಯ್ದದ್ದು, ಇದೆಲ್ಲ ಬರೆಯುವಂಥದ್ದೇನಲ್ಲ, ಎಲ್ಲರಿಗೂ ಆಗಿರುತ್ತದೆ. ಹುಡುಗ ತನ್ನ ಬಿಸ್ಕತ್ತು ಹಂಚುತ್ತ ಮುಂದಿನ ಕಾರ್ಯಕ್ರಮಗಳನ್ನು ಹೇಳಿದ. ಒಂದು ಮದ್ದೂರಿನ ಕೊಕ್ಕರೆ ಬೆಳ್ಳೂರಿಗೆ. ಅಲ್ಲಿನವರು ಹೆಜ್ಜಾರ್ಲೆಗಳನ್ನು ಬಾಣಂತನಕ್ಕೆ ತವರಿಗೆ ಬರುವ ಹೆಣ್ಣುಮಕ್ಕಳೆಂದು ಮನೆಯಂಗಳದ ಮರಗಳ ಮೇಲೆಯೇ ಇರಗೊಡುತ್ತಾರೆ. ನಮ್ಮಾಕೆ ಇದಕ್ಕೆ ಕೂಡಲೇ ಒಪ್ಪಿದಳು. ಇನ್ನೊಂದು ಮೇಲುಕೋಟೆಗೆ, 1974ರಲ್ಲಿ ತೋಳಗಳಿಗಾಗಿಯೇ ಮಾಡಿದ ವನ್ಯಧಾಮ. “ಅದೃಷ್ಟ ಇದ್ರೆ ತೋಳ ಕಾಣಿಸ್ಬಹುದು ಆಂಟಿ” ಅಂದ. ಮೇಲುಕೋಟೆ ಪಕ್ಕದ ಹಳ್ಳಿಯವಳಾದ ಅವಳು, “ನಮ್ಮಪ್ಪಂಗೆ ಆ ಅದೃಷ್ಟ ಬೇಕಾದಷ್ಟಿತ್ತು ಕಣಪ್ಪ. ಒಂದ್ಸಲ ಕಾಣಿಸ್ದಾಗ ಒಂದ್ ಕುರಿ” ಅಂದಳು. ಹುಡುಗ ಸ್ವಲ್ಪ ಹೊತ್ತು ಬಿಸ್ಕತ್ತು ಅಗಿದ.

ಹೊರಡುವಾಗ ಎಲ್ಲರಿಗೂ ಅಭಿಪ್ರಾಯದ ಹಾಳೆ ಕೊಟ್ಟರು. ನನ್ನದನ್ನು ಮೊಮ್ಮಗಳು ತುಂಬತೊಡಗಿದಳು. ಹೆಸರು, ಊರು, ವಯಸ್ಸು ಆಯಿತು. “ತಾತ, ‘ಈ ಮೊದಲು ಹಕ್ಕಿ ನೋಡಿದ ಅನುಭವ ಇದೆಯೇ? ಇದ್ದರೆ ವಿವರಿಸಿ.’ ಏನು ಬರೀಲಿ?”

ಪೆನ್ನು ಇಸಿದುಕೊಂಡು ನಾನೇ ಬರೆದೆ: “ಇದೆ. ಎಂಟನೇ ವಯಸ್ಸಿನಿಂದ. ಆದರೆ ಎಲ್ಲವೂ ಬೆನ್ನಿನ ಕಡೆಯಿಂದ.”